‘ಬಿಟರ್’ ಎಂಬ ಬಿಯರಿಗೆ ಬರಿದೇ ‘ಕಹಿ’ ಎನ್ನಬಹುದೆ? ಅದನ್ನು ಹಾಕುವುದೋ, ಇಳಿಸುವುದೋ?

ಬಳಗದವರಿಗೆ ನಮಸ್ಕಾರ.

ಪ್ರಶ್ನೆ ಎರಡೇ, ಹಿನ್ನೆಲೆ ಮಾತ್ರ ಸ್ವಲ್ಪ ಉದ್ದ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಅಕ್ಕನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಈಚೆಗೆ ಅಂಗಡಿಯಿಂದ ಒಂದು ಕಿಟ್ ತಂದು ಮನೆಯಲ್ಲೇ ‘ಬಿಟರ್’ ಎಂಬ ಬಗೆಯ ಬಿಯರ್ ಮಾಡಲು ಹೊರಟ. ವಿಡಿಯೊ ಕರೆಯಲ್ಲಿ ಮಗನ ಬೆನ್ನ ಹಿಂದೆ ದೊಡ್ಡ ಬಿಳಿ ಬಕೆಟ್ ಕಂಡ ಅಕ್ಕ, ‘ಅಷ್ಟೊಂದು ಹಿಟ್ಟು ಯಾರಿಗಾಗಿ ಕಲಸಿಟ್ಟಿದ್ದೀಯ?’ ಎಂದು ಕೇಳಿದಳು. ಅವನು ಜಾಣ. ‘ಮಾವನನ್ನು ಕೇಳಮ್ಮ, ಅನುವಾದ ಮಾಡುವವರು ಅವರು’ ಎಂದು ಕಿಟ್ಟಿನ ಜತೆ ಬಂದ ಸೂಚನೆ ಚೀಟಿಯ ಫೋಟೊವನ್ನು ನನಗೆ ಕಳಿಸಿ ಕೈತೊಳೆದುಕೊಂಡ. ಮೂವತ್ತು ವರ್ಷ ಕರಪತ್ರ, ಕೈಪಿಡಿ, ಔಷಧದ ಚೀಟಿಗಳನ್ನೆಲ್ಲ ಕನ್ನಡಕ್ಕೆ ತಂದವನು ನಾನು. ಒಂದು ಪುಟದ ಆ ಚೀಟಿಯ ಮುಂದೆ ಎರಡು ಸಂಜೆ ಕೂತಿದ್ದೇನೆ.

ಕೆಲಸ ಸರಳವಾದದ್ದು. ಡಬ್ಬಿಯಲ್ಲಿ ಬಾರ್ಲಿ ಮಾಲ್ಟಿನ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರಸವನ್ನು ಬತ್ತಿಸಿ ತೆಗೆದ ಪಾಕ ಇರುತ್ತದೆ, ಒಂದೂವರೆ ಕಿಲೊಗೂ ಮೇಲೆ. ಡಬ್ಬಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸದಿದ್ದರೆ ಅದು ಹರಿಯುವುದಿಲ್ಲ. ವಿಡಿಯೊದಲ್ಲಿ ಅವನು ಸುರಿಯುವಾಗ ನೋಡಿದೆ: ಥೇಟ್ ಜೋನಿಬೆಲ್ಲ, ಅದೇ ಬಣ್ಣ, ಕೊನೆಯಲ್ಲಿ ಅದೇ ಎಳೆ. ಅದಕ್ಕೆ ಮೂರೂವರೆ ಲೀಟರಿನಷ್ಟು ಕುದಿನೀರು, ಒಂದು ಕಿಲೊ ಸಕ್ಕರೆ, ಆಮೇಲೆ ತಣ್ಣೀರು ಬೆರೆಸಿ 23 ಲೀಟರಿಗೆ ಏರಿಸಬೇಕು. ಮೇಲೆ ಯೀಸ್ಟ್ ಉದುರಿಸಿ ಮುಚ್ಚಿ, 18ರಿಂದ 24 ಡಿಗ್ರಿ ಸೆಲ್ಸಿಯಸ್ ಒಳಗಿನ ಕೋಣೆಯಲ್ಲಿ ಒಂದು ವಾರ ಬಿಡಬೇಕು. ನಮ್ಮೂರಿನ ಏಪ್ರಿಲ್ ತಿಂಗಳಿಗೆ ಇದು ಹೇಳಿಸಿದ್ದಲ್ಲ. ನಡುನಡುವೆ ಒಂದು ಗಾಜಿನ ಕಡ್ಡಿಯನ್ನು ತೇಲಿಬಿಟ್ಟು ಸಾಂದ್ರತೆ ನೋಡುತ್ತಾರೆ. ಡೇರಿಯಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರಿನ ದಾಯಾದಿ ಅದು. ನೀರಿನದು 1.000 ಎಂಬ ಲೆಕ್ಕದಲ್ಲಿ, ಆರಂಭದಲ್ಲಿ 1.040 ಇದ್ದದ್ದು 1.010ಕ್ಕೆ ಇಳಿದು ಎರಡು ದಿನ ಅಲ್ಲೇ ನಿಂತರೆ, ಸಕ್ಕರೆಯಂಶ ಕರಗಿ ಬಿಯರಿನಲ್ಲಿ ಶೇ 4ರಷ್ಟು ಮದ್ಯಸಾರ ಹುಟ್ಟಿದೆ ಎಂದರ್ಥ. ಬಳಿಕ ಬಾಟಲಿಗೆ ಅರ್ಧ ಚಮಚ ಸಕ್ಕರೆ ಹಾಕಿ ತುಂಬಿಸಿ ಬಿರಡೆ ಬಿಗಿಯುವುದು. ಆ ಸಕ್ಕರೆಯಿಂದಲೇ ಒಳಗೆ ಗ್ಯಾಸ್ ಹುಟ್ಟುತ್ತದೆ.

ಇಷ್ಟನ್ನು ಅಕ್ಕನಿಗೆ ಹೇಳಿದೆ. ಅವಳಿಗೆ ಎಲ್ಲವೂ ಅರ್ಥವಾಯಿತು, ಹೆಸರೊಂದನ್ನು ಬಿಟ್ಟು. ‘ಕಹಿ ಎಂದು ಹೆಸರಿಟ್ಟು ಮಾರಿದರೆ ಯಾರು ಕೊಳ್ಳುತ್ತಾರೆ?’

ಕೊಂಡವರೇ ಇಟ್ಟ ಹೆಸರು ಅದು. ತಯಾರಕರ ಲೆಕ್ಕದ ಪುಸ್ತಕದಲ್ಲಿ ಅದು ‘ಪೇಲ್ ಏಲ್’, ಎಂದರೆ ತಿಳಿ ಬಣ್ಣದ ಬಿಯರ್. ಹತ್ತೊಂಬತ್ತನೆಯ ಶತಮಾನದಲ್ಲಿ ಕುಡಿಯುವವರು ಇದನ್ನು ‘ಮೈಲ್ಡ್’ ಎಂಬ ಇನ್ನೊಂದು ಬಗೆಯಿಂದ ಬೇರೆಯಾಗಿ ಗುರುತಿಸಲು ‘ಬಿಟರ್ ಕೊಡಿ’ ಎನ್ನತೊಡಗಿದರು, ಗುಣವಾಚಕವೇ ವಸ್ತುವಾಯಿತು. ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೆಣ್ಣು ಹೂವಿನಿಂದ. ಮಾಲ್ಟಿನ ರಸದಲ್ಲಿ ಅದನ್ನು ಗಂಟೆಗಟ್ಟಲೆ ಕುದಿಸಿದಾಗ ಅದರ ಆಮ್ಲಗಳು ರೂಪ ಬದಲಿಸಿ ಕಹಿ ಬಿಡುತ್ತವೆ, ಬೇಗ ಕೆಡದಂತೆಯೂ ಕಾಯುತ್ತವೆ. ಈ ಬಳ್ಳಿ ಗಾಂಜಾದ ಕುಟುಂಬಕ್ಕೆ ಸೇರಿದ್ದು ಎಂಬುದನ್ನು ಅಕ್ಕನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಈಗ ಮೊದಲ ಪ್ರಶ್ನೆ. ‘ಕಹಿ ಬಿಯರ್’ ಎಂದರೆ ವರ್ಣನೆಯಾಗುತ್ತದೆ, ಹೆಸರಾಗುವುದಿಲ್ಲ. ಎಲ್ಲ ಬಿಯರೂ ಅಷ್ಟಿಷ್ಟು ಕಹಿಯೇ. ಬರಿದೇ ‘ಕಹಿ’ ಎಂದರೆ? ಕೇಳಿದ ಕೂಡಲೇ ವಿಚಿತ್ರ ಎನಿಸುತ್ತದೆ. ಆದರೆ ಸ್ವಲ್ಪ ಯೋಚಿಸಿ. ರುಚಿಯ ಹೆಸರನ್ನೇ ತಿನಿಸಿನ ಹೆಸರು ಮಾಡುವುದರಲ್ಲಿ ಕನ್ನಡದವರು ಇಂಗ್ಲಿಷಿನವರಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದೇವೆ. ಮಗಳು ಪಾಸಾದರೆ ‘ಸಿಹಿ’ ಹಂಚುತ್ತೇವೆ. ಸಂಜೆ ಅಂಗಡಿಗೆ ಹೋಗಿ ‘ಕಾಲು ಕಿಲೊ ಖಾರ ಕಟ್ಟಿ’ ಎನ್ನುತ್ತೇವೆ. ಮೈಸೂರು ಕಡೆಯವರು ಅನ್ನಕ್ಕೆ ‘ಹುಳಿ’ ಬಡಿಸುತ್ತಾರೆ. ಉಪ್ಪಂತೂ ರುಚಿಯೂ ಹೌದು, ವಸ್ತುವೂ ಹೌದು. ಈ ಸಾಲಿನಲ್ಲಿ ಜಾಗ ಸಿಗದೆ ಉಳಿದದ್ದು ಕಹಿ ಮತ್ತು ಒಗರು ಮಾತ್ರ. ಮಲಯಾಳದವರು ಹಾಗಲಕಾಯಿಗೆ ‘ಕೈಪ್ಪಕ್ಕ’ ಎಂದು ಕಹಿಯಿಂದಲೇ ಹೆಸರು ಕೊಟ್ಟಿದ್ದಾರೆ. ನಮ್ಮ ಹಳಗನ್ನಡದ ‘ಕಯ್ಪೆ’ಯೂ ಅದೇ ಬಳ್ಳಿಯ ಕಾಯಿ. ಹೀಗಿರುವಾಗ ‘ಒಂದು ಲೋಟ ಕಹಿ’ ಎಂಬುದು ವ್ಯಾಕರಣಕ್ಕೆ ಎಲ್ಲೂ ಅಡ್ಡಬರುವುದಿಲ್ಲ, ಅಡ್ಡಬರುವುದು ನಮ್ಮ ರೂಢಿಗೆ. ಕಹಿ ಎಂದರೆ ಬೇವು, ಕಷಾಯ, ಕಹಿ ನೆನಪು. ಯುಗಾದಿಯಂದು ಕೂಡ ಬೆಲ್ಲದ ಜತೆಗಲ್ಲದೆ ಬಾಯಿಗಿಡುವುದಿಲ್ಲ.

ಸಂಸ್ಕೃತದ ಕಡೆ ಹೋಗಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಷಡ್ರಸಗಳಲ್ಲಿ ಕಹಿಗೆ ‘ತಿಕ್ತ’, ಮೆಣಸಿನ ಖಾರಕ್ಕೆ ‘ಕಟು’. ನಾವು ‘ಕಟುಸತ್ಯ’ ಎನ್ನುವಾಗ ಕಹಿ ಎಂದುಕೊಂಡೇ ಹೇಳುತ್ತೇವೆ, ಹಿಂದಿಯವರ ‘ಕಡ್ವಾ’ ಪೂರ್ತಿ ಕಹಿಯ ಕಡೆಗೆ ವಾಲಿದೆ. ‘ತಿಕ್ತಪಾನ’ ಎಂದರೆ ಆಯುರ್ವೇದದ ಅಂಗಡಿಯ ವಾಸನೆ ಬರುತ್ತದೆ. ಇನ್ನು ಇಂಗ್ಲಿಷಿನ ‘ಬಿಟರ್’ ಹುಟ್ಟಿದ್ದು ‘ಕಚ್ಚು’ ಎಂಬ ಅರ್ಥದ ಧಾತುವಿನಿಂದ. ನಮ್ಮಲ್ಲಿ ಕಚ್ಚುವುದು ಚಳಿ, ಕೆಸುವಿನ ಎಲೆ, ಹೊಸ ಚಪ್ಪಲಿ. ಕಹಿ ಕಚ್ಚುವುದಿಲ್ಲ, ನಾಲಿಗೆಯ ಬುಡದಲ್ಲಿ ಕೂತುಬಿಡುತ್ತದೆ. ಅಂದಹಾಗೆ ಈ ಬಿಟರಿನ ಎದುರಾಳಿ ‘ಮೈಲ್ಡ್’ ಎಂಬುದಕ್ಕೆ ಅಕ್ಕ ತಟ್ಟನೆ ‘ಸಪ್ಪೆ’ ಎಂದಳು. ಲೀಡ್ಸಿನವರಿಗೆ ಕನ್ನಡ ಬರದಿರುವುದು ಒಳ್ಳೆಯದಾಯಿತು.

ಎರಡನೆಯ ಪ್ರಶ್ನೆಯೇ ನಿಜವಾದ ತಲೆನೋವು. ಈ ಕೆಲಸಕ್ಕೆ ಕ್ರಿಯಾಪದ ಯಾವುದು?

ನಿಘಂಟು ನೋಡಿದವರು, ಪತ್ರಿಕೆಯವರು ‘ಭಟ್ಟಿ ಇಳಿಸು’ ಎಂದು ಬರೆದುಬಿಡುತ್ತಾರೆ. ಇದು ತಪ್ಪು ಎಂದೇ ನನ್ನ ವಾದ. ಭಟ್ಟಿ ಎಂದರೆ ಉರಿಯುವ ಕುಲುಮೆ. ದಾವಣಗೆರೆಯಲ್ಲಿ ‘ಭಟ್ಟಿ’ ಎಂದರೆ ಮಗುವೂ ಮಂಡಕ್ಕಿ ಭಟ್ಟಿಯ ಕಡೆ ಕೈ ತೋರಿಸುತ್ತದೆ: ಕಾದ ಮರಳು, ಅದರಲ್ಲಿ ಚಟಪಟ ಅರಳುವ ಅಕ್ಕಿ, ಓಣಿಯ ಮೇಲೆಲ್ಲ ಹೊಗೆ. ಪೇಯದ ವಿಷಯದಲ್ಲಿ ಭಟ್ಟಿ ಇಳಿಸುವುದೆಂದರೆ ಕಾಸಿ ಆವಿ ಮಾಡಿ, ಆ ಆವಿಯನ್ನು ತಣಿಸಿ ಹನಿಹನಿಯಾಗಿ ಇಳಿಸಿಕೊಳ್ಳುವುದು. ಸಾರಾಯಿ ಹಾಗೆ, ಗುಲಾಬಿ ನೀರು ಹಾಗೆ. ಬಿಯರಿನಲ್ಲಿ ಆವಿಯನ್ನು ಹಿಡಿಯುವ ಮಾತೇ ಇಲ್ಲ. ಮೇಲಾಗಿ ‘ಕಳ್ಳಭಟ್ಟಿ’ಯಿಂದಾಗಿ ಆ ಪದದ ಬೆನ್ನಿಗೆ ಪೊಲೀಸ್ ಜೀಪು ಅಂಟಿಕೊಂಡಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲಂತೂ ಸುದ್ದಿಯಲ್ಲಿ ಕಾಣುವುದು ಅದೊಂದೇ ಭಟ್ಟಿ.

ಆ ಸುದ್ದಿಗಳಲ್ಲೇ ಇನ್ನೊಂದು ಪದವಿದೆ: ‘ಬೆಲ್ಲದ ಕೊಳೆ’. ‘ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ’ ಎಂದು ಓದಿರುತ್ತೀರಿ. ಭಟ್ಟಿಗೆ ಏರಿಸುವ ಮುನ್ನ ಕೊಡದಲ್ಲಿ ಬುಳುಬುಳು ಎನ್ನುತ್ತ ಕೂತ ಬೆಲ್ಲದ ನೀರು ಅದು. ಬಕೆಟ್ಟಿನಲ್ಲಿ ಮೂರನೆಯ ದಿನ ಇರುವ ದ್ರವಕ್ಕೆ ಇಷ್ಟು ಸರಿಯಾದ ಕಸುಬಿನ ಪದ ಕನ್ನಡದಲ್ಲಿ ಇನ್ನೊಂದು ನನಗೆ ಕಂಡಿಲ್ಲ. ಆದರೆ ‘ಮಾಲ್ಟಿನ ಕೊಳೆ’ ಎಂದು ಬರೆದರೆ ಕುಡಿಯುವವರು ಯಾರು?

‘ಕಾಯಿಸು’ ಆಗಬಹುದಿತ್ತು, ಮೊದಲಿನಿಂದ ಧಾನ್ಯ ಬಳಸಿ ಮಾಡುವವರಿಗೆ. ಕಿಟ್ಟಿನಲ್ಲಿ ಹಾಪ್ಸ್ ಕುದಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮನೆಯಲ್ಲಿ ಕಾಯುವುದು ನೀರು ಮಾತ್ರ, ಮತ್ತು ಮಾಡಿದವನು.

ಅಕ್ಕ ಯೋಚನೆಯನ್ನೇ ಮಾಡದೆ ಹೇಳಿದ್ದು ‘ಹಾಕು’. ‘ಉಪ್ಪಿನಕಾಯಿ ಹಾಕುವುದಿಲ್ಲವೆ, ಸಂಡಿಗೆ ಹಾಕುವುದಿಲ್ಲವೆ, ಅವನು ಬಿಯರ್ ಹಾಕಿದ್ದಾನೆ.’ ಅವಳ ಮಾತು ನನಗೆ ಬಹಳ ಹಿಡಿಸಿತು. ನಾವು ಅಷ್ಟು ಮಾಡಿ ಕೈಬಿಟ್ಟು, ಉಳಿದದ್ದನ್ನು ಕಾಲಕ್ಕೆ ವಹಿಸುವ ಅಡುಗೆಗೆಲ್ಲ ಕನ್ನಡದಲ್ಲಿ ‘ಹಾಕು’ ಇದೆ: ಹಾಲಿಗೆ ಹೆಪ್ಪು ಹಾಕುತ್ತೇವೆ, ಮಾವಿನಕಾಯಿಯನ್ನು ಅಡೆ ಹಾಕುತ್ತೇವೆ. ಆದರೆ ಅವಳ ಗಂಡ ಪಕ್ಕದಲ್ಲೇ ಪತ್ರಿಕೆ ಓದುತ್ತಿದ್ದವರು ತಲೆ ಎತ್ತಿ, ‘ಎಷ್ಟು ಬಿಯರ್ ಹಾಕಿದನಂತೆ?’ ಎಂದು ಗಾಬರಿಯಿಂದ ಕೇಳಿದರು. ಗುಂಡು ಹಾಕುವವರ ಭಾಷೆಯಲ್ಲಿ ‘ಬಿಯರ್ ಹಾಕಿದ’ ಎಂದರೆ ಕುಡಿದು ಮುಗಿಸಿದ ಎಂದೇ. ಮಾಡುವುದಕ್ಕೂ ಕುಡಿಯುವುದಕ್ಕೂ ಒಂದೇ ಕ್ರಿಯಾಪದವಾದರೆ ಚೀಟಿಯ ಮೊದಲ ವಾಕ್ಯದಲ್ಲೇ ಅನಾಹುತ.

ಉಳಿದದ್ದು ‘ಹುದುಗಿಸು’. ಶಾಲೆಯ ಪುಸ್ತಕದ ‘ಹುದುಗುವಿಕೆ’ಯಿಂದ ಅದು ಗೊತ್ತು, ಹಿಟ್ಟಿನ ಮಟ್ಟಿಗೆ ‘ಹುದುಗು ಬಂದಿದೆ’ ಎನ್ನುವ ಮನೆಗಳೂ ಇವೆ. ಅಕ್ಕನ ಮನೆಯಲ್ಲಿ ಮಾತ್ರ ದೋಸೆ ಹಿಟ್ಟು ‘ಹುಳಿ ಬರುತ್ತದೆ’ ಇಲ್ಲವೇ ‘ಉಬ್ಬುತ್ತದೆ’. ಬಿಯರ್ ಹುಳಿ ಬಂದರೆ ಚರಂಡಿಗೆ ಸುರಿಯಬೇಕಾಗುತ್ತದೆ, ಆದ್ದರಿಂದ ಅದು ಬೇಡ. ಹುದುಗು ಎಂದರೆ ಅಡಗಿರು ಎಂದೂ ಅರ್ಥವಿರುವುದು ನನಗೆ ಇಷ್ಟ. ಮುಚ್ಚಳದ ಕೆಳಗೆ ಕಾಣದೆ ನಡೆಯುವ ಕೆಲಸ ತಾನೆ. ಆದರೆ ಹುದುಗುವುದು ಇಡೀ ಕೆಲಸದ ಒಂದು ಘಟ್ಟ ಅಷ್ಟೆ. ತೊಳೆಯುವುದರಿಂದ ಬಿರಡೆಯವರೆಗಿನ ಒಟ್ಟು ಕಸುಬಿಗೆ ಅದು ಸಾಲದು.

ಹಳೆಯದನ್ನು ಕೆದಕಿದರೆ ಸಂಕಟ ಇನ್ನೂ ಹೆಚ್ಚು. ‘ಕಿಣ್ವ’ ಎಂದರೆ ಮೊದಲು ಸುರೆ ಹುದುಗಿಸಲು ಹಾಕುವ ಮೂಲದ್ರವ್ಯವೇ ಆಗಿತ್ತು. ವಿಜ್ಞಾನ ಬರಹಗಾರರು ಅದನ್ನು ಎನ್‌ಜೈಮಿಗೆ ಕೊಟ್ಟುಬಿಟ್ಟರು, ಈಗ ಯೀಸ್ಟಿಗೆ ವಾಪಸು ಕೇಳುವಂತಿಲ್ಲ. ‘ಆಸವ’ ಹುದುಗಿಸಿದ ಪೇಯ, ಆದರೆ ‘ಆಸವನ’ ಎಂದರೆ ಪಠ್ಯಪುಸ್ತಕದಲ್ಲಿ ಭಟ್ಟಿ ಇಳಿಸುವುದು! ವೈದ್ಯರ ಲೆಕ್ಕದಲ್ಲಿ ಕುದಿಸದೆ ಹುದುಗಿಸಿದ್ದು ಆಸವ, ಕಷಾಯ ಕುದಿಸಿ ಹುದುಗಿಸಿದ್ದು ಅರಿಷ್ಟ. ದಶಮೂಲಾರಿಷ್ಟದ ಬಾಟಲಿ ಅಕ್ಕನ ಕಪಾಟಿನಲ್ಲೇ ಇದೆ. ಬೆಲ್ಲ, ಧಾತಕಿ ಹೂವು, ತಿಂಗಳುಗಟ್ಟಲೆ ಮುಚ್ಚಿಟ್ಟ ಪಾತ್ರೆ, ತಾನಾಗಿಯೇ ಹುಟ್ಟಿದ ಮದ್ಯಸಾರ. ಕಹಿ ಹೂವನ್ನು ಕುದಿಸಿ ಹುದುಗಿಸಿದ ಬಿಟರ್ ಆ ಲೆಕ್ಕಕ್ಕೆ ಅಚ್ಚುಕಟ್ಟಾದ ಅರಿಷ್ಟ. ಅಮರಕೋಶದಲ್ಲಿ ಬೇವಿಗೂ ಅರಿಷ್ಟ ಎಂಬ ಹೆಸರಿದೆ, ಕಹಿಯೂ ಕೂಡಿಬಂತು. ಏನು ಮಾಡುವುದು, ಕನ್ನಡದಲ್ಲಿ ‘ಮನೆಗೆ ಅರಿಷ್ಟ ಬಂತು’ ಎಂದರೆ ಕೇಡು ಬಂತು ಎಂದು.

ಇಲ್ಲೊಂದು ಅಡ್ಡಮಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮದ್ಯದ ಮೇಲ್ವಿಚಾರಣೆಯ ಅಧಿಕಾರಿಯಾದ ಸುರಾಧ್ಯಕ್ಷನ ಅಧ್ಯಾಯದಲ್ಲಿ, ಮನೆಯ ಶುಭಕಾರ್ಯಕ್ಕೆ ಬಿಳಿಸುರೆಯನ್ನೂ ಔಷಧಕ್ಕೆ ಅರಿಷ್ಟವನ್ನೂ ಗೃಹಸ್ಥರು ಮಾಡಿಕೊಳ್ಳಬಹುದು ಎಂದಿದೆ. ಇಂಗ್ಲೆಂಡಿನಲ್ಲಿ ಮನೆಬಳಕೆಗೆ ಬಿಯರ್ ಮಾಡಲು ಪರವಾನಗಿ ಬೇಡವೆಂದಾದದ್ದು 1963ರಲ್ಲಿ. ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ನನ್ನ ಅನುವಾದ ಲೀಡ್ಸಿನ ಬಕೆಟ್ಟಿಗೆ ಮಾತ್ರ ಅನ್ವಯ, ದಾವಣಗೆರೆಯ ಬಕೆಟ್ಟಿಗಲ್ಲ.

ಸಣ್ಣಪುಟ್ಟವು ತಾವಾಗಿ ಬಗೆಹರಿದವು. ತಳದಲ್ಲಿ ಕೂರುವುದು ಗಸಿ. ಮೇಲಿನದಕ್ಕೆ ಎರಡು ಪದ ಇಟ್ಟುಕೊಂಡಿದ್ದೇನೆ: ಬಕೆಟ್ಟಿನಲ್ಲಿ ಎರಡನೆಯ ದಿನ ಏಳುವ ಕಂದು ಬಣ್ಣದ ಒರಟು ಪದರ ‘ಬುರುಗು’, ಲೋಟದ ಮೇಲಿನ ಬಿಳಿಯದು ‘ನೊರೆ’. ಮಾಲ್ಟ್ ಮಾಲ್ಟೇ, ರಾಗಿ ಮಾಲ್ಟ್ ಕುಡಿಯದ ಮನೆ ಯಾವುದು. ಯೀಸ್ಟಿಗೆ ಬೇಕರಿಯವರ ಪದವೇ ಸಾಕು.

ಸದ್ಯಕ್ಕೆ ಚೀಟಿಯ ತಲೆಬರಹವನ್ನು ‘ಮನೆಯಲ್ಲೇ ಕಹಿ ಕಟ್ಟುವ ಬಗೆ’ ಎಂದು ಬರೆದಿದ್ದೇನೆ. ‘ಕಟ್ಟು’ ಎಂಬುದು ಪಾಕ ಕಟ್ಟುವುದರಿಂದ, ಮೊಳಕೆ ಕಟ್ಟುವುದರಿಂದ ಎರವಲು ತಂದದ್ದು, ಪೂರ್ತಿ ಒಪ್ಪಿಗೆಯಾಗಿಲ್ಲ. ಹಿರಿಯೂರು, ಜಗಳೂರು, ಮೊಳಕಾಲ್ಮೂರು ಕಡೆಯವರು ಹೇಳಬೇಕು: ಈಚಲು ಮರದಿಂದ ಹೆಂಡವನ್ನು ‘ಇಳಿಸಿದ’ ಮೇಲೆ ಮಡಕೆಯಲ್ಲಿ ಇಟ್ಟು ಹದ ಮಾಡುವುದಕ್ಕೆ ನಿಮ್ಮ ಹಿರಿಯರು ಯಾವ ಮಾತು ಬಳಸುತ್ತಿದ್ದರು? ‘ಸಿಹಿ ಹೆಂಡ’, ‘ಹುಳಿ ಹೆಂಡ’ ಎಂಬುವು ಇದ್ದ ಹಾಗೆ ‘ಕಹಿ ಹೆಂಡ’ ಎಂಬ ಮಾತನ್ನು ಯಾರಾದರೂ ಕೇಳಿದ್ದೀರಾ?

ಸ್ವಲ್ಪ ಬೇಗ ಬರೆಯಿರಿ. ಬಾಟಲಿಗಳಿಗೆ ಕನ್ನಡದಲ್ಲೇ ಹೆಸರು ಅಂಟಿಸುತ್ತೇನೆ ಎಂದು ಹುಡುಗ ಕಾಯುತ್ತಿದ್ದಾನೆ. ಕಡ್ಡಿ ಸರಿಯಾಗಿ ನಿಲ್ಲುವ ಮುನ್ನವೇ ಆತುರದಿಂದ ತುಂಬಿಸಿದ್ದರಿಂದ 40ರಲ್ಲಿ ಒಂದು ಬಾಟಲಿ ಮೊನ್ನೆ ರಾತ್ರಿ ಕಪಾಟಿನಲ್ಲೇ ಒಡೆದಿದೆ. ಹೆಸರು ಬೇಕಾಗಿರುವುದು ಉಳಿದ 39ಕ್ಕೆ.