ಕೀಮೋಗೆ ಮೊದಲೇ ವಿಗ್ ತಗೋಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ

ಅಮ್ಮನ ಮಗಳು:
ಅಮ್ಮನಿಗೆ ಸ್ತನದ ಕ್ಯಾನ್ಸರ್. ಮುಂದಿನ ವಾರ ಕೀಮೋ ಶುರು. ಮೊದಲು ಡಾಕ್ಸೊರುಬಿಸಿನ್ ಜೊತೆ ಸೈಕ್ಲೊಫಾಸ್ಫಮೈಡ್, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್. ಕೂದಲು ಪೂರ್ತಿ ಹೋಗುತ್ತೆ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಮ್ಮನದು ಸೊಂಟದವರೆಗೆ ಬರೋ ಜಡೆ, ಅರ್ಧ ನರೆತಿದೆ, ಬಣ್ಣ ಹಚ್ಚಿದವರಲ್ಲ. ನೆತ್ತಿಯ ಚರ್ಮ ಬಹಳ ಸೂಕ್ಷ್ಮ, ಏನು ತಾಗಿದರೂ ತುರಿಕೆ. ವಿಗ್ ಈಗಲೇ ತಗೋಬೇಕಾ, ಉದುರಿದ ಮೇಲಾ? ಸಿಂಥೆಟಿಕ್ಕಾ, ನಿಜವಾದ ಕೂದಲಿನದ್ದಾ? ಬರೀ ಸ್ಕಾರ್ಫ್ ಸಾಕಾಗುತ್ತಾ?

ಎರಡನೇ ಚಿಗುರು:
ನಿಜವಾದ ಕೂದಲಿನದ್ದೇ ತಗೊಳ್ಳಿ, ಬೇರೆ ಯೋಚನೆನೇ ಬೇಡ. ನಾನು ತಗೊಂಡಿದ್ದರ ತಳ ಮುಂದೆ ಲೇಸ್ ಬಲೆ, ನೆತ್ತಿಗೆ ಮೊನೊಫಿಲಮೆಂಟ್ ಅನ್ನೋ ತೆಳು ಪಾರದರ್ಶಕ ಬಟ್ಟೆ, ಒಂದೊಂದೇ ಎಳೆ ಕೈಯಲ್ಲಿ ಗಂಟು ಹಾಕಿದ್ದು. ಬೈತಲೆ ತೆಗೆದರೆ ಒಳಗಿನ ಚರ್ಮ ಕಂಡ ಹಾಗೇ ಕಾಣುತ್ತೆ. ದುಡ್ಡು ಹೆಚ್ಚಾಗಿ ಹೋಗೋದು ಆ ತಳದ ಕೆಲಸಕ್ಕೇ.

ಆದರೆ ಅಂಗಡಿಯವರು ಹೇಳಿದ ರೇಟಿಗೆ ಮುಗಿಯುತ್ತೆ ಅಂದ್ಕೋಬೇಡಿ. ಮುಖಕ್ಕೆ ಹೊಂದೋ ಹಾಗೆ ಕಟ್ ಮಾಡೋಕೆ ಬೇರೆ ಚಾರ್ಜು. ಕೂದಲು ಪೂರ್ತಿ ಹೋದಮೇಲೆ ತಲೆಯ ಸುತ್ತಳತೆ ಕಮ್ಮಿಯಾಗಿ ವಿಗ್ ಹಣೆ ಮೇಲೆ ಜಾರೋಕೆ ಶುರುವಾಯ್ತು, ಹಿಂದಿನ ಪಟ್ಟಿ ಕೊನೇ ಹುಕ್ಕಿಗೆ ಎಳೆದರೂ ಸಡಿಲ. ತಳ ಬಿಗಿ ಮಾಡಿಸೋಕೆ ಮತ್ತೆ ಚಾರ್ಜು. ಜಾರದ ಹಾಗೆ ಹಿಡಿಯೋಕೆ ವೆಲ್ವೆಟ್ ಬ್ಯಾಂಡು. ಒಳಗೆ ಹಾಕೋ ತೆಳು ಟೋಪಿ, ಒಗೆದು ಬದಲಾಯಿಸೋಕೆ ಇನ್ನೊಂದು. ಸ್ಟ್ಯಾಂಡು. ಸಲ್ಫೇಟ್ ಇಲ್ಲದ ಶಾಂಪೂ. ಕಂಡಿಷನರ್ ಅಂತೂ ಬೇಕೇ ಬೇಕು, ವಿಗ್ಗಿನ ಕೂದಲಿಗೆ ನೆತ್ತಿಯಿಂದ ಜಿಡ್ಡು ಸಿಗಲ್ಲ, ಬೇಗ ಒರಟಾಗುತ್ತೆ. ಇದನ್ನೆಲ್ಲ ಕೂಡಿಸಿದರೆ ಇನ್ನೊಂದು ಸಾಧಾರಣ ವಿಗ್ಗಿನ ದುಡ್ಡು.

ಬಿಸಿಲಿಗೆ ಬಣ್ಣ ಕೆಂಪಗೆ ತಿರುಗಿದಾಗ ಅಂಗಡಿಯವರಿಗೆ ಫೋನ್ ಮಾಡಿದೆ. 'ನೀವು ಸರಿಯಾಗಿ ನೋಡ್ಕೊಂಡಿಲ್ಲ' ಅಂತ ನನ್ನ ಮೇಲೇ ಹಾಕಿದರು. ಬೈತಲೆ ಹತ್ತಿರ ಗಂಟು ಬಿಚ್ಚಿ ಎಳೆ ಉದುರಿದಾಗಲೂ ಅದೇ ಮಾತು. ಒಂದು ವರ್ಷ ಗ್ಯಾರಂಟಿ ಅಂದಿದ್ದು ಬರೀ ಬಾಯಿಮಾತು, ಬಿಲ್ಲಿನಲ್ಲಿ ಅದರ ಸುದ್ದಿಯೇ ಇಲ್ಲ. ಇಷ್ಟೆಲ್ಲ ಆದಮೇಲೂ ಹೇಳ್ತೀನಿ, ಅದನ್ನ ಹಾಕ್ಕೊಂಡಾಗ ಕನ್ನಡಿಯಲ್ಲಿ ಇದ್ದದ್ದು ನಾನೇ. ಪ್ಲಾಸ್ಟಿಕ್ ಕೂದಲಲ್ಲಿ ಆ ಸಮಾಧಾನ ಸಿಗಲ್ಲ.

ಲೆಕ್ಕಪುಸ್ತಕ:
ಆ 'ಪ್ಲಾಸ್ಟಿಕ್ ಕೂದಲು' ಹಾಕ್ಕೊಂಡೇ ನಾನು ಕೀಮೋ ಉದ್ದಕ್ಕೂ ಆಫೀಸಿಗೆ ಹೋದೆ ಮೇಡಂ. ಪಕ್ಕದ ಸೀಟಿನವರು ಹೇರ್‌ಕಟ್ ಎಲ್ಲಿ ಮಾಡಿಸಿದ್ರಿ ಅಂತ ಕೇಳಿದರು. ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕೀಮೋ ಆದ ಮೂರನೇ ದಿನ ಕೈ ಎತ್ತೋಕೆ ಶಕ್ತಿ ಇರಲ್ಲ. ಆ ಸ್ಥಿತಿಯಲ್ಲಿ ಕೂತು ವಿಗ್ಗಿಗೆ ಬ್ಲೋ ಡ್ರೈ ಮಾಡ್ತೀರಾ? ಸಿಂಥೆಟಿಕ್ ಆದರೆ ತಣ್ಣೀರಲ್ಲಿ ಅದ್ದಿ, ಟವೆಲ್ಲಿನಲ್ಲಿ ಒತ್ತಿ, ಹಾಗೇ ಒಣಗಲು ಬಿಟ್ಟರೆ ಬೆಳಗ್ಗೆ ಅದೇ ಶೇಪು. ಹಗುರ ಬೇರೆ. ದಿನಾ ಹಾಕಿದರೆ ನಾಲ್ಕರಿಂದ ಆರು ತಿಂಗಳು ಬಾಳಿಕೆ, ನನ್ನ ಕೀಮೋ ಮುಗಿಯೋಕೂ ಅದು ಹಳೇದಾಗೋಕೂ ಸರಿಹೋಯ್ತು. ಅವರ ವಿಗ್ಗಿನ ದುಡ್ಡಲ್ಲಿ ನಾನು ಇಂಥವು ಎಷ್ಟೋ ತಗೋಬಹುದಿತ್ತು.

ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಒಲೆ ಮೇಲಿನ ಪಾತ್ರೆಯ ಮುಚ್ಚಳ ತೆಗೆದೆ, ಬಂದ ಆವಿಗೆ ಮುಂಗುರುಳು ಪೂರ್ತಿ ಸುರುಟಿ ಗರಗರ ಆಯ್ತು. ಈ ಎಳೆ ಬಿಸಿ ತಡೆಯಲ್ಲ ಅಂತ ಮಾರಿದವರು ಒಂದು ಮಾತು ಹೇಳಿರಲಿಲ್ಲ. ವಾಪಸ್ ಕೊಡೋಕೆ ಹೋದರೆ ತಲೆಗೆ ಹಾಕಿದ್ದು ತಗೊಳ್ಳಲ್ಲ, ನೈರ್ಮಲ್ಯದ ಪ್ರಶ್ನೆ ಅಂದರು. ಕುತ್ತಿಗೆ ಹಿಂದೆ ಕಾಲರಿಗೆ ಉಜ್ಜಿ ಉಜ್ಜಿ ಗಂಟಾಗಿದ್ದು ಇನ್ನೊಂದು ನಷ್ಟ. ಎರಡನೇದನ್ನ ಭುಜಕ್ಕೆ ತಾಗದಷ್ಟು ಗಿಡ್ಡ ತಗೊಂಡ ಮೇಲೆ ಆ ಕಾಟ ಹೋಯ್ತು. ವಿಮೆಯವರು ಕ್ಲೇಮ್ ತಿರಸ್ಕರಿಸಿದರು, ಬಿಲ್ಲಿನಲ್ಲಿ ವಿಗ್ ಅಂತಿದೆ, ಇದು ಸೌಂದರ್ಯದ ಸಾಮಾನು ಅಂತ. ಡಾಕ್ಟರ ಚೀಟಿ, ಅದರಲ್ಲಿ ಕ್ರೇನಿಯಲ್ ಪ್ರಾಸ್ಥೆಸಿಸ್ (ಕಾಯಿಲೆಯವರ ವಿಗ್ಗಿಗೆ ವೈದ್ಯಕೀಯ ಹೆಸರು) ಅಂತ ಬರೆದಿದ್ದು ಬೇಕಿತ್ತಂತೆ. ಕ್ಯಾನ್ಸರ್ ಫೈಲು ಕೈಯಲ್ಲಿ ಹಿಡ್ಕೊಂಡು ನಿಂತವಳಿಗೆ ಸೌಂದರ್ಯದ ಸಾಮಾನು ಅಂತಾರೆ!

ಎರಡನೇ ಚಿಗುರು:
ನಿಮಗೆ ಸಾಕಾಯ್ತು ಅಂದರೆ ಸಂತೋಷ. ಸಿಂಥೆಟಿಕ್ಕಿನ ಹೊಳಪು ಹತ್ತಿರದಿಂದ ಕಂಡೇ ಕಾಣುತ್ತೆ. ಪಕ್ಕದ ಸೀಟಿನವರು ಗೊತ್ತಾಗಿಯೇ ಹಾಗೆ ಕೇಳಿರಬಹುದು, ಒಳ್ಳೇ ಮನಸ್ಸಿನವರು.

ಲೆಕ್ಕಪುಸ್ತಕ:
ಇಂಥ ಮಾತು ಕಾಯಿಲೆ ಅನುಭವಿಸಿದ ಇನ್ನೊಬ್ಬರಿಂದ ಬರುತ್ತೆ ಅಂದ್ಕೊಂಡಿರಲಿಲ್ಲ. ಬಿಡಿ.

ಅವಳ ಗಂಡ:
ಎಲ್ಲರೂ ಉದುರಿದ ಮೇಲಿನದ್ದೇ ಮಾತಾಡ್ತಿದ್ದೀರಿ. ಉದುರದ ಹಾಗೆ ತಡೆಯೋ ದಾರಿ ಒಂದಿದೆ, ಅದನ್ನ ಯಾರೂ ಹೇಳ್ತಿಲ್ಲ. ನನ್ನ ಹೆಂಡತಿಗೆ ಕೋಲ್ಡ್ ಕ್ಯಾಪ್ ಹಾಕಿಸಿದೆವು. ಮೆಷಿನ್ನಿಗೆ ಜೋಡಿಸಿದ ಟೋಪಿ, ಒಳಗೆ ತಣ್ಣನೆ ದ್ರವ ಹರಿಯುತ್ತೆ. ನೆತ್ತಿಯ ರಕ್ತನಾಳ ಕುಗ್ಗಿ ಕೂದಲ ಬುಡಕ್ಕೆ ಔಷಧ ಕಮ್ಮಿ ಹೋಗುತ್ತೆ. ಔಷಧ, ವೈದ್ಯಕೀಯ ಸಾಧನಗಳನ್ನ ಪರಿಶೀಲಿಸೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2015ರಲ್ಲೇ ಇಂಥ ಮೆಷಿನ್ನಿಗೆ ಒಪ್ಪಿಗೆ ಕೊಟ್ಟಿದೆ, ನಾನೇನೂ ಗಾಳಿಮಾತು ಹೇಳ್ತಿಲ್ಲ.

ಡ್ರಿಪ್ಪಿಗೆ ಅರ್ಧ ಗಂಟೆ ಮುಂಚೆ ಹಾಕಬೇಕು. ಡ್ರಿಪ್ ಮುಗಿದ ಮೇಲೂ ಒಂದೂವರೆ ಗಂಟೆ, ಕೆಲವು ಔಷಧಕ್ಕೆ ಇನ್ನೂ ಹೆಚ್ಚು ಹೊತ್ತು ತೆಗೆಯೋ ಹಾಗಿಲ್ಲ. ಮೊದಲ ಹತ್ತು ನಿಮಿಷದ ತಲೆನೋವಿಗೆ ಅವಳು ನನ್ನ ಬೆರಳು ಹಿಂಡ್ತಿದ್ದಳು, ಆಮೇಲೆ ಮರಗಟ್ಟಿ ಸುಮ್ಮನಾಗ್ತಿದ್ದಳು. ಎರಡು ಕಂಬಳಿ ಹೊದ್ದರೂ ನಡುಕ. ದುಡ್ಡು ಕೀಮೋದ ಪ್ರತಿ ಸುತ್ತಿಗೂ ಕಟ್ಟಬೇಕು: ಟೋಪಿಗೆ ಬೇರೆ, ಮೆಷಿನ್ನಿಗೆ ಬೇರೆ, ಬೆಡ್ಡು ಹೆಚ್ಚು ಹೊತ್ತು ಹಿಡಿದಿದ್ದಕ್ಕೆ ಬೇರೆ. ಕೊನೆಗೆ ಕೂಡಿಸಿ ನೋಡಿದರೆ ಒಳ್ಳೇ ವಿಗ್ಗಿಗಿಂತ ಜಾಸ್ತಿ. ಟೋಪಿ ನಡುನೆತ್ತಿಗೆ ಅಂಟಿ ಕೂರ್ತಿಲ್ಲ ಅಂತ ಅವತ್ತೇ ಹೇಳಿದೆ, ಅಲ್ಲಿನವರು ಕಿವಿಗೇ ಹಾಕ್ಕೊಳ್ಳಲಿಲ್ಲ. ಅಲ್ಲೇ ಅಂಗೈಯಗಲ ಉದುರಿತು. ಸುತ್ತಲಿನದು ಉಳಿಯಿತು. ಹೊರಗೆ ಹೋಗುವಾಗ ಒಂದು ಅಗಲದ ಹೇರ್‌ಬ್ಯಾಂಡ್ ಸಾಕಿತ್ತು. ಇವತ್ತು ಕೇಳಿದರೂ ಮತ್ತೆ ಅದನ್ನೇ ಮಾಡ್ತೀನಿ.

ರಾತ್ರಿ ಪಾಳಿ:
ನಾನು ಡೇ ಕೇರ್ ವಾರ್ಡಿನಲ್ಲಿ, ಅಂದರೆ ಕೀಮೋ ಕೊಟ್ಟು ಅದೇ ದಿನ ಮನೆಗೆ ಕಳಿಸೋ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್. ಸರ್, ನಿಮ್ಮ ಮನೆಯವರಿಗೆ ಫಲ ಸಿಕ್ಕಿದ್ದು ಒಳ್ಳೆಯದಾಯಿತು. ಆದರೆ ಎಲ್ಲರಿಗೂ ಹಾಗಾಗಲ್ಲ. 2017ರಲ್ಲಿ ಪ್ರಕಟವಾದ ಒಂದು ಕೋಲ್ಡ್ ಕ್ಯಾಪ್ ಪ್ರಯೋಗದಲ್ಲಿ ಅರ್ಧ ಕೂದಲಾದರೂ ಉಳಿಸಿಕೊಂಡವರು ಸುಮಾರು ಅರ್ಧದಷ್ಟು ಹೆಂಗಸರು. ಅದರಲ್ಲೂ ಪ್ಯಾಕ್ಲಿಟ್ಯಾಕ್ಸೆಲ್ ಥರದ ಔಷಧಕ್ಕೆ ಫಲ ಹೆಚ್ಚು, ಡಾಕ್ಸೊರುಬಿಸಿನ್ನಿಗೆ ಬಹಳ ಕಮ್ಮಿ. ಈ ತಾಯಿಗೆ ಮೊದಲು ಕೊಡ್ತಿರೋದೇ ಡಾಕ್ಸೊರುಬಿಸಿನ್. ಲ್ಯುಕೇಮಿಯಾ, ಲಿಂಫೋಮಾ ಥರದ ರಕ್ತದ ಕ್ಯಾನ್ಸರಿಗಂತೂ ಈ ಟೋಪಿ ಹಾಕೋದೇ ಇಲ್ಲ. ಆಸೆ ಹುಟ್ಟಿಸೋ ಮುಂಚೆ ಇಷ್ಟು ಹೇಳಬೇಕಲ್ವಾ?

ಅವಳ ಗಂಡ:
ಆಸೆ ಹುಟ್ಟಿಸೋದು ತಪ್ಪಾ? ವಾರ್ಡಿನಲ್ಲಿ ಇಂಥದ್ದೊಂದು ಇದೆ ಅಂತ ನಮಗೆ ಒಬ್ಬರೂ ತಾವಾಗಿ ಹೇಳಲಿಲ್ಲ. ನಾನೇ ಹುಡುಕಿ ಕೇಳಿದ್ದು. ಕೇಳದವರಿಗೆ ಹೇಳಲ್ಲ, ಕೇಳಿದವರಿಗೆ ಅಂಕಿಅಂಶ ಹೇಳಿ ಬಾಯಿ ಮುಚ್ಚಿಸ್ತೀರಿ.

ಬರಿನೆತ್ತಿ:
ನಾನು ವಿಗ್ ತಗೊಳ್ಳಲೇ ಇಲ್ಲ. ಅದಕ್ಕೆ ನಮ್ಮವರೇ ನನ್ನನ್ನ ಎಷ್ಟು ಹಿಂಸೆ ಮಾಡಿದರು ಅಂದರೆ, ಕಾಯಿಲೆಗಿಂತ ಆ ಮಾತುಗಳೇ ಇವತ್ತಿಗೂ ನೋಯುತ್ತೆ. 'ಮಕ್ಕಳು ಹೆದರ್ತಾರೆ, ಏನಾದರೂ ಹಾಕ್ಕೋ' ಅಂತ ಅತ್ತಿಗೆ. ಮಕ್ಕಳು ಹೆದರಲಿಲ್ಲ, ಚಿಕ್ಕವನು ಬಂದು ನೆತ್ತಿ ಸವರಿ ಹೋಗ್ತಿದ್ದ.

ಉದುರೋದಕ್ಕೆ ಎರಡು ದಿನ ಮುಂಚೆ ಬೇರುಬೇರೂ ನೋವು, ದಿಂಬಿಗೆ ತಲೆ ಇಡೋಕಾಗಲ್ಲ. ಮೊದಲ ಕೀಮೋ ಆಗಿ ಮೂರನೇ ವಾರ ಬರೋ ಹೊತ್ತಿಗೆ ಸ್ನಾನಕ್ಕೆ ಕೂತರೆ ಮೋರಿ ಕಟ್ಟಿಕೊಳ್ಳುವಷ್ಟು. ಅವತ್ತೇ ಟ್ರಿಮ್ಮರ್ ಹಾಕಿಸಿದೆ. ಬ್ಲೇಡು ಬೇಡವೇ ಬೇಡ ಅಂತ ಡಾಕ್ಟರು ಹೇಳಿದ್ದರು, ಪ್ಲೇಟ್‌ಲೆಟ್ಟು ಬಿಳಿರಕ್ತಕಣ ಎರಡೂ ಇಳಿದಿರುವಾಗ ಚಿಕ್ಕ ಗಾಯಕ್ಕೂ ರಕ್ತಸ್ರಾವ, ಸೋಂಕು.

ಆಮೇಲೆ ಬರೀ ಸ್ಕಾರ್ಫು. ರೇಷ್ಮೆ ನುಣ್ಣಗಿರುತ್ತೆ, ಬೋಳುತಲೆ ಮೇಲೆ ನಿಲ್ಲಲ್ಲ. ಮೆತ್ತನೆ ಹತ್ತಿಯದು, ಒಂದು ಮೀಟರ್ ಚೌಕ. ಮೂಲೆಗೆ ಮೂಲೆ ಮಡಿಸಿ ತ್ರಿಕೋನ ಮಾಡಿ, ಮಡಿಕೆಯ ಅಂಚನ್ನ ಹುಬ್ಬಿನಿಂದ ಎರಡು ಬೆರಳು ಮೇಲೆ ಇಟ್ಟು, ಎರಡು ತುದಿಯನ್ನೂ ಹಿಂದೆ ಇಳಿಬಿದ್ದ ಮೂಲೆಯ ಮೇಲೆ ಗಂಟು ಹಾಕಬೇಕು. ಗಂಟನ್ನ ಆ ಮೂಲೆಯ ಕೆಳಗೆ ಇಟ್ಟು ಕಟ್ಟಿದರೆ ಗಂಟೆಯೊಳಗೆ ಜಾರುತ್ತೆ. ಹಳೇ ಟೀ ಶರ್ಟಿನ ತೋಳು ಕತ್ತರಿಸಿ ಒಳಗೆ ಹಾಕಿದರೆ ತಲೆ ಚಪ್ಪಟೆ ಕಾಣಲ್ಲ. ಹೊಲಿಗೆ ನೆತ್ತಿಗೆ ಚುಚ್ಚುತ್ತೆ, ಅದನ್ನ ಹೊರಮಗ್ಗುಲಿಗೆ ತಿರುಗಿಸಿ. ನನ್ನ ಒಟ್ಟು ಖರ್ಚು ಮೇಲಿನವರ ಶಾಂಪೂ ಖರ್ಚಿಗಿಂತ ಕಮ್ಮಿ ಇರಬೇಕು. ನಾನು ಯಾರಿಂದಲೂ ಏನೂ ಮುಚ್ಚಿಡಲಿಲ್ಲ.

ಎರಡನೇ ಚಿಗುರು:
ವಿಗ್ ಹಾಕ್ಕೊಂಡವರು ಮುಚ್ಚಿಟ್ಟವರು ಅಂತ ಅರ್ಥನಾ? ನನಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ 'ಅಯ್ಯೋ ಪಾಪ' ಬೇಡವಾಗಿತ್ತು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ನನ್ನ ಕೈಯಲ್ಲಿರಬೇಕಿತ್ತು. ನಿಮ್ಮ ಅತ್ತಿಗೆ ಮೇಲಿನ ಸಿಟ್ಟನ್ನ ನನ್ನ ಮೇಲೆ ತೀರಿಸ್ಕೋಬೇಡಿ.

ಬರಿನೆತ್ತಿ:
ನಿಮ್ಮ ಹೆಸರು ನಾನು ಎತ್ತಿಲ್ಲ. ಚುಚ್ಚಿತು ಅಂದರೆ ಯಾಕೆ ಅಂತ ನೀವೇ ಯೋಚಿಸಿ.

ಒಳ್ಳೇದಾಗಲಿ:
ಜಗಳ ಬೇಡ. ನಮ್ಮ ಚಿಕ್ಕಮ್ಮನಿಗೂ ಕೀಮೋ ಆಯ್ತು. ಅವರು ದಿನಾ ಎಣ್ಣೆ ತಿಕ್ಕಿಸ್ಕೊಳ್ತಿದ್ದರು, ಕೂದಲು ಹಾಗೇ ಇತ್ತು. ಯಾವ ಎಣ್ಣೆ ಅಂತ ಬೇಕಿದ್ದರೆ ಹೇಳ್ತೀನಿ.

ರಾತ್ರಿ ಪಾಳಿ:
ಚಿಕ್ಕಮ್ಮನಿಗೆ ಕೊಟ್ಟ ಔಷಧ ಯಾವುದು? ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಇರಬಹುದು, ಬೇರೆ ಇರಬಹುದು. ಕೆಲವು ಔಷಧಕ್ಕೆ ಕೂದಲು ಸ್ವಲ್ಪ ತೆಳುವಾಗುತ್ತೆ ಅಷ್ಟೇ, ಎಣ್ಣೆ ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಡಾಕ್ಸೊರುಬಿಸಿನ್ ಹಾಗಲ್ಲ. ವೇಗವಾಗಿ ಒಡೆಯೋ ಜೀವಕೋಶವನ್ನ ಅದು ಹೆಚ್ಚಾಗಿ ಹೊಡೆಯುತ್ತೆ, ಕೂದಲ ಬುಡದ್ದು ಅಂಥವೇ. ತಲೆಯ ಕೂದಲಲ್ಲಿ ನೂರಕ್ಕೆ ಎಂಬತ್ತೈದರ ಮೇಲೆ ಯಾವಾಗಲೂ ಬೆಳೆಯೋ ಹಂತದಲ್ಲೇ ಇರುತ್ತೆ, ಅದಕ್ಕೇ ಒಂದೇ ಸಲ ಉದುರೋದು. ತಿಕ್ಕಿದರೆ ಇನ್ನೂ ಬೇಗ ಕಿತ್ತು ಬರುತ್ತೆ. ಸೂಕ್ಷ್ಮ ಚರ್ಮ ಅಂತ ಬರೆದವರಿಗೆ ಎಣ್ಣೆ ಹೇಳ್ತೀರಲ್ಲ! ಕೂದಲು ಬೆಳೆಯೋಕೆ ನೆತ್ತಿಗೆ ಹಚ್ಚೋ ಮಿನಾಕ್ಸಿಡಿಲ್ ಔಷಧ ಕೂಡ ಉದುರೋದನ್ನ ತಡೆಯಲ್ಲ, ಮತ್ತೆ ಬರೋದನ್ನ ಸ್ವಲ್ಪ ಬೇಗ ಮಾಡಬಹುದು.

ಮತ್ತೆ, ಇಲ್ಲಿ ಒಬ್ಬರೂ ಹುಬ್ಬು, ರೆಪ್ಪೆ ವಿಷಯ ಎತ್ತಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಹೊತ್ತಿಗೆ ಅವೂ ಹೋಗಬಹುದು. ವಿಗ್ ಎಷ್ಟೇ ಚೆನ್ನಾಗಿದ್ದರೂ ಹುಬ್ಬಿಲ್ಲದ ಮುಖವನ್ನ ಜನ ತಕ್ಷಣ ಗುರುತಿಸ್ತಾರೆ. ಹುಬ್ಬು ಇರುವಾಗಲೇ ಎದುರಿಂದ ಒಂದು ಫೋಟೋ ತೆಗೆದಿಡಿ, ಪೆನ್ಸಿಲ್ಲಲ್ಲಿ ಬರೆಯುವಾಗ ಬೇಕಾಗುತ್ತೆ. ರೆಪ್ಪೆಗೆ ಅಂಟು ಹಾಕೋ ನಕಲಿ ಕೂದಲು ಆ ಸಮಯದಲ್ಲಿ ಬೇಡ. ಮೂಗಿನೊಳಗಿನ ಕೂದಲೂ ಹೋಗಿ ಮೂಗು ಸೋರುತ್ತೆ, ನೆಗಡಿ ಅಂತ ಗಾಬರಿಯಾಗಬೇಡಿ.

ಕತ್ತರಿ ಕೈ:
ನಾನು ವಿಗ್ ಕಟ್ಟೋ ಕೆಲಸದವನು. ಇಷ್ಟು ಜನ ಬರೆದಿದ್ದೀರಿ, ಆ ತಾಯಿಯ ಸೊಂಟದುದ್ದದ ಜಡೆ ಬಗ್ಗೆ ಒಬ್ಬರೂ ಮಾತಾಡಿಲ್ಲ. ಬಣ್ಣ ಕಾಣದ ಕೂದಲು! ಅದು ಉದುರಿ ಹಾಳಾಗೋಕೆ ಬಿಡಬೇಡಿ. ಉದುರಿದ್ದನ್ನ ಗುಡ್ಡೆ ಮಾಡಿ ತಂದರೆ ನಮಗೆ ಉಪಯೋಗವಿಲ್ಲ, ಬುಡ ತುದಿ ಅದಲುಬದಲಾಗಿ ಗಂಟು ಬೀಳುತ್ತೆ. ಕೀಮೋಗೆ ಮೊದಲೇ ತೊಳೆದು ಪೂರ್ತಿ ಒಣಗಿಸಿ, ಜಡೆ ಹಾಕಿ, ಮೇಲೆ ನಡುವೆ ತುದಿಗೆ ರಬ್ಬರ್ ಬ್ಯಾಂಡ್ ಬಿಗಿದು, ಮೇಲಿನ ಬ್ಯಾಂಡಿಗಿಂತ ಮೇಲೆ ಕತ್ತರಿಸಿ. ಬುಡದ ಕಡೆಗೆ ದಾರ ಕಟ್ಟಿ ಗುರುತು ಮಾಡಿ.

ಪೂರ್ತಿ ವಿಗ್ಗಿಗೆ ಒಬ್ಬರ ಜಡೆ ಸಾಮಾನ್ಯವಾಗಿ ಸಾಲದು. ಗಂಟು ಹಾಕುವಾಗ ಪ್ರತಿ ಎಳೆಯೂ ಮಡಚುತ್ತೆ, ಉದ್ದ ಕಮ್ಮಿಯಾಗುತ್ತೆ, ಗಿಡ್ಡವೆಲ್ಲ ಬಾಚುವಾಗ ಹೋಗುತ್ತೆ. ಆದರೆ ಹೇಲೋ ವಿಗ್ಗಿಗೆ ಧಾರಾಳ. ಮೆತ್ತನೆ ಹತ್ತಿ ಪಟ್ಟಿಗೆ ಸುತ್ತಲೂ ಕೂದಲು, ನೆತ್ತಿ ತೆರೆದಿರುತ್ತೆ, ಮೇಲೆ ಸ್ಕಾರ್ಫು. ಹಣೆಯ ಹತ್ತಿರ, ಕಿವಿ ಹಿಂದೆ ಅವರದ್ದೇ ಕರಿ ಬಿಳಿ ಎಳೆ ಕಾಣುತ್ತೆ. ನೆತ್ತಿಗೆ ವಿಗ್ಗಿನ ತಳ ತಾಗಲ್ಲ. ಕೈಕೆಲಸ ಆದ್ದರಿಂದ ಕೆಲವು ವಾರ ಹಿಡಿಯುತ್ತೆ, ಅಲ್ಲಿವರೆಗೆ ಹತ್ತಿ ಟೋಪಿ. ಅಂಟು, ಟೇಪು ಬಳಸೋರ ಹತ್ತಿರ ಮಾತ್ರ ಹೋಗಬೇಡಿ.

ಅಮ್ಮನ ಮಗಳು:
ಎಲ್ಲರಿಗೂ ಧನ್ಯವಾದ. ಕತ್ತರಿ ಕೈ ಅಣ್ಣ, ನೀವು ಬರೆದಿದ್ದನ್ನ ಅಮ್ಮನಿಗೆ ಓದಿ ಹೇಳಿದೆ. ಕತ್ತರಿಸೋದಾದರೆ ನಾನೇ ಕತ್ತರಿಸಬೇಕಂತೆ. ಸ್ಕಾರ್ಫ್ ಕಟ್ಟೋದನ್ನ ನನ್ನ ತಲೆ ಮೇಲೆ ಪ್ರಯತ್ನಿಸಿದೆ ಅಕ್ಕ, ಗಂಟು ನಿಂತಿತು.

ಲೆಕ್ಕಪುಸ್ತಕ:
ಮಾಡಿಸೋದಿದ್ದರೆ ಒಟ್ಟು ಎಷ್ಟಾಗುತ್ತೆ, ರಿಪೇರಿ ಅದರಲ್ಲಿ ಸೇರಿದೆಯಾ ಅಂತ ಬಿಲ್ಲಿನಲ್ಲೇ ಬರೆಸ್ಕೊಳ್ಳಮ್ಮ. ಬಾಯಿಮಾತಿನ ಗ್ಯಾರಂಟಿ ಏನಾಗುತ್ತೆ ಅಂತ ಮೇಲೆ ಓದಿದ್ದೀಯಲ್ಲ.

ಎರಡನೇ ಚಿಗುರು:
ನನ್ನನ್ನ ಎಳೆಯದೆ ನಿಮಗೆ ಒಂದು ಉತ್ತರ ಬರೆಯೋಕಾಗಲ್ವಾ? ಮಗಳೇ, ಪಟ್ಟಿಯ ಅಳತೆ ಎರಡು ಸಲ ಕೊಡು, ಜಡೆ ಇರುವಾಗ ಒಂದು, ಎಲ್ಲ ಹೋದಮೇಲೆ ಒಂದು. ಎರಡನೇ ಅಳತೆಗೆ ಬಿಗಿ ಮಾಡಿಕೊಡೋಕೆ ದುಡ್ಡು ಕೇಳ್ತಾರಾ ಅಂತ ಈಗಲೇ ಕೇಳು.