ಜಪಾನಿ ಮೇಪಲ್: ಎಲೆ ಅಂಚು ಸುಡುತ್ತಿದೆ, ಕೆಂಪು ಹೋಗಿ ಹಸಿರಾಗುತ್ತಿದೆ. ಏನು ಮಾಡಲಿ?

ಮೂರನೇ ಮಹಡಿ (ಹೊರಮಾವು) · ಏಪ್ರಿಲ್ 9

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಒಂದು ಜಪಾನಿ ಮೇಪಲ್ ತಂದೆ. ಬ್ಲಡ್‌ಗುಡ್ ತಳಿ, ಕಸಿ ಗಿಡ, ಎರಡೂವರೆ ಅಡಿ ಇದೆ. ತಂದಾಗ ಒಂದೂ ಎಲೆ ಇರಲಿಲ್ಲ, ಬರೀ ಕಡ್ಡಿ. "ಹಿಮಾಚಲದ ಮಾಲು ಸಾರ್, ಬೆಂಗಳೂರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತೆ" ಅಂದರು ನರ್ಸರಿಯವರು. ಬೆಲೆ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಫೆಬ್ರವರಿ ಮಧ್ಯದಲ್ಲಿ ಚಿಗುರಿತು. ಕಡುಗೆಂಪು ಎಲೆ, ನೋಡೋಕೆ ಎರಡು ಕಣ್ಣು ಸಾಲದು. ನಮ್ಮಮ್ಮ ಮಾತ್ರ "ಇದೇನೋ, ಪುಂಡಿ ಸೊಪ್ಪಿನ ಥರ ಇದೆ" ಅಂದರು.

ಮಾರ್ಚ್ ಕೊನೆಗೆ ಎಲೆ ಅಂಚು ಕಂದು ಬಣ್ಣಕ್ಕೆ ತಿರುಗಿ ಹಪ್ಪಳದ ಥರ ಗರಿಗರಿ ಆಯಿತು. ಸುಡದೆ ಉಳಿದ ಎಲೆಗಳಲ್ಲೂ ಕೆಂಪು ಮಾಸಿ ಹಸಿರು ಕಾಣುತ್ತಿದೆ. ಬುಡದಿಂದ ಎರಡು ಹೊಸ ಕಡ್ಡಿ ಜೋರಾಗಿ ಬರುತ್ತಿವೆ, ಅವು ಪೂರ್ತಿ ಹಸಿರು. ನೀರು ದಿನಾ ಹಾಕುತ್ತೇನೆ. ತಾರಸಿಯಲ್ಲಿ, 12 ಇಂಚಿನ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿದೆ. ಮಣ್ಣು: ಕೆಮ್ಮಣ್ಣು, ಕೋಕೋಪೀಟ್, ಎರೆಹುಳು ಗೊಬ್ಬರ, ಮೂರೂ ಸಮ ಸಮ. ದಯವಿಟ್ಟು ಉಳಿಸಿಕೊಡಿ.

ಕರಿಬೇವು ಪ್ರೇಮಿ · ಏಪ್ರಿಲ್ 9

ಸಾರ್, ಹುಳಿ ಮಜ್ಜಿಗೆ ಹಾಕಿ ನೋಡಿ. ನಮ್ಮನೆ ಕರಿಬೇವು ಒಣಗಿ ನಿಂತಿತ್ತು, ಮಜ್ಜಿಗೆ ಬಿದ್ದ ಮೇಲೆ ಬೀದಿಗೆಲ್ಲ ಹಂಚುವಷ್ಟು ಸೊಪ್ಪು. ಮೇಪಲ್‌ಗೂ ಹುಳಿ ಮಣ್ಣೇ ಇಷ್ಟ ಅಂತ ಓದಿದ್ದೆ.

ತೋಟ_ದಿನಚರಿ · ಏಪ್ರಿಲ್ 9

ಒಂದು ಚಮಚ ಡಿಎಪಿ, ಒಂದು ಚಮಚ ಎಪ್ಸಮ್ ಉಪ್ಪು. ಹದಿನೈದು ದಿನದಲ್ಲಿ ಹೊಸ ಎಲೆ. ಗ್ಯಾರಂಟಿ.

ಕಸಿಗತ್ತಿ (ಬಸವನಗುಡಿ) · ಏಪ್ರಿಲ್ 10

ಡಿಎಪಿ ಹಾಕಬೇಡಿ. ಎಪ್ಸಮ್ ಉಪ್ಪೂ ಬೇಡ. ಮಜ್ಜಿಗೆಯನ್ನು ಕರಿಬೇವಿಗೇ ಬಿಡಿ.

ಮೊದಲು ಮೂರು ಪ್ರಶ್ನೆ. ಯಾವ ನೀರು ಹಾಕುತ್ತೀರಿ? ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ? ಕುಂಡದ ಅಂಚಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯಾ? ಗಿಡದ ಮೇಲೆ ಬಿಸಿಲು ಬೀಳುವುದು ಎಷ್ಟು ಹೊತ್ತಿಗೆ?

ಮೂರನೇ ಮಹಡಿ · ಏಪ್ರಿಲ್ 10

ಬಿಳಿ ಪುಡಿ ಇದೆ ಸಾರ್! ಅದನ್ನು ಬೂಷ್ಟು ಅಂದುಕೊಂಡು ಒರೆಸುತ್ತಿದ್ದೆ. ಬಿಸಿಲು ಮಧ್ಯಾಹ್ನ ಒಂದರಿಂದ ಸಂಜೆ ಐದೂವರೆ ತನಕ, ಪಶ್ಚಿಮದ ಕಡೆ.

ನೀರು... ನಮ್ಮ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆವಾಗಿಂದ ಆರ್‌ಒ ಫಿಲ್ಟರ್‌ನಿಂದ ವೇಸ್ಟ್ ಆಗುವ ನೀರನ್ನೇ ಬಕೆಟ್‌ನಲ್ಲಿ ಹಿಡಿದು ಎಲ್ಲ ಗಿಡಕ್ಕೂ ಹಾಕುತ್ತೇನೆ. ಅದು ಒಳ್ಳೆಯದಲ್ವಾ?

ಕಸಿಗತ್ತಿ · ಏಪ್ರಿಲ್ 10

ಸಿಕ್ಕಿತು ನೋಡಿ.

ಆರ್‌ಒ ಯಂತ್ರ ಮಾಡುವ ಕೆಲಸವೇ ನೀರಿನಿಂದ ಉಪ್ಪು ಬೇರೆ ಮಾಡುವುದು. ಉಪ್ಪು ಕಳೆದ ನೀರು ನಿಮ್ಮ ಲೋಟಕ್ಕೆ ಹೋಯಿತು. ಕಳೆದ ಉಪ್ಪೆಲ್ಲ ಬಕೆಟ್‌ಗೆ ಬಂತು. ಬೋರ್‌ವೆಲ್ ನೀರೇ ಗಡಸು, ಅದರಲ್ಲಿ ಇದು ಇನ್ನೂ ಗಟ್ಟಿ. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ, ತೊಂದರೆಯಿಲ್ಲ. ಗಟ್ಟಿ ಜಾತಿಯ ಗಿಡಗಳು ಅಷ್ಟಿಷ್ಟು ಸಹಿಸುತ್ತವೆ. ಮೇಪಲ್ ಸಹಿಸುವುದಿಲ್ಲ. ಅದರ ಬೇರು ಮೇಲ್ಪದರದಲ್ಲೇ ನಾರು ನಾರಾಗಿ ಹರಡುತ್ತದೆ, ನಿಮ್ಮ ಉಪ್ಪು ಕೂರುವುದೂ ಅಲ್ಲೇ. ಬೇರು ಎಳೆದ ನೀರು ಎಲೆಯ ತುದಿಗೆ ಹೋಗಿ ಆವಿಯಾಗುತ್ತದೆ, ಉಪ್ಪು ತುದಿಯಲ್ಲೇ ಉಳಿಯುತ್ತದೆ. ಅದಕ್ಕೇ ಮೊದಲು ಸುಡುವುದು ಅಂಚು. ರಾಸಾಯನಿಕ ಗೊಬ್ಬರವೂ ಒಂದು ಉಪ್ಪೇ. ಡಿಎಪಿ ಬೇಡ ಅಂದದ್ದು ಇದಕ್ಕೆ. ಮನೆ ಮಜ್ಜಿಗೆಗೂ ನೀವು ಉಪ್ಪು ಹಾಕಿರುತ್ತೀರಿ!

ಇದರ ಮೇಲೆ ಪಶ್ಚಿಮದ ಬಿಸಿಲು, ಏಪ್ರಿಲ್‌ನ ಒಣಗಾಳಿ, ಕಾಂಕ್ರೀಟ್ ಕಾವು, ಕಪ್ಪು ಕುಂಡ. ಮಧ್ಯಾಹ್ನ ಮೂರಕ್ಕೆ ಕುಂಡದ ಪಕ್ಕೆ ಮುಟ್ಟಿ ನೋಡಿ. ಬೇರು ಒಳಗೆ ಬೇಯುತ್ತಿದೆ.

ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ. ಗಿಡವನ್ನು ಪೂರ್ವದ ಕಡೆಗೆ ತಂದಿಡಿ. ಬೆಳಗ್ಗೆ ಒಂಬತ್ತೂವರೆ, ಹತ್ತರ ತನಕದ ಎಳೆ ಬಿಸಿಲು ಸಾಕು, ಆಮೇಲೆ ಶೇಡ್ ನೆಟ್ ಅಥವಾ ಗೋಡೆಯ ನೆರಳು. ಕುಂಡವನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ಸಂದಿಗೆ ತೆಂಗಿನ ನಾರು ತುಂಬಿ. ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆಯಿರಿ, ಸೋರಿದ ಉಪ್ಪುನೀರನ್ನು ಗಿಡ ಮತ್ತೆ ಕುಡಿಯುತ್ತದೆ. ಮೇಲ್ಮಣ್ಣಿಗೆ ಎರಡು ಇಂಚು ಒಣ ಎಲೆ ಹಾಸಿ. ರಸ್ತೆ ಬದಿಯಲ್ಲಿ ಹೊಂಗೆ ಎಲೆ ರಾಶಿ ಬಿದ್ದಿರುತ್ತದೆ, ಯಾರೋ ಬೆಂಕಿ ಹಚ್ಚುವ ಮುಂಚೆ ಒಂದು ಚೀಲ ತುಂಬಿಕೊಳ್ಳಿ.

ಆಮೇಲೆ ಮಣ್ಣು ತೊಳೆಯಬೇಕು. ಕುಂಡದಲ್ಲಿ 15 ಲೀಟರ್ ಮಣ್ಣಿದ್ದರೆ 45 ಲೀಟರ್ ಒಳ್ಳೆ ನೀರು ನಿಧಾನಕ್ಕೆ ಸುರಿದು ತಳದಿಂದ ಪೂರ್ತಿ ಹರಿಯಲು ಬಿಡಿ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರೂ ನಡೆಯುತ್ತದೆ, ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ತೊಳೆದ ಮೇಲೆ ದಿನಾ ನೀರು ಹಾಕಬೇಡಿ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ. ಕೋಕೋಪೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಮೇಪಲ್ ಬೇರು ಬಾಯಾರಿಕೆಗೆ ಎಷ್ಟು ಹೆದರುತ್ತದೋ ಕೊಳೆಗೂ ಅಷ್ಟೇ ಹೆದರುತ್ತದೆ.

ಬುಡದ ಎರಡು ಹಸಿರು ಕಡ್ಡಿ ಎಲ್ಲಿಂದ ಬಂದಿವೆ? ಕಸಿ ಗಂಟಿನ (ಎರಡು ಗಿಡ ಕೂಡಿಸಿದ ಜಾಗ) ಮೇಲೋ ಕೆಳಗೋ?

ಮೂರನೇ ಮಹಡಿ · ಏಪ್ರಿಲ್ 11

ಗಂಟಿನ ಕೆಳಗೆ. ಹಾಗೂ ನೀರಲ್ಲಿ ಕರಗಿದ ಉಪ್ಪು ಅಳೆಯುವ ಒಂದು ಟಿಡಿಎಸ್ ಮೀಟರ್ ಸಾಲ ತಂದೆ. ಬೋರ್‌ವೆಲ್ 690. ಆರ್‌ಒ ವೇಸ್ಟ್ 1,010. ಎಸಿ ನೀರು 22. ಎರಡು ವರ್ಷ ಎಲ್ಲ ಗಿಡಗಳಿಗೂ ಉಪ್ಪಿನಕಾಯಿ ಹಾಕಿದ್ದೇನೆ ಅಂತಾಯ್ತು.

ಕಸಿಗತ್ತಿ · ಏಪ್ರಿಲ್ 11

ಗಂಟಿನ ಕೆಳಗಿನದು ಬೇರುಗಿಡದ ಚಿಗುರು, ಅಂದರೆ ಕಸಿಗೆ ಬೇರು ಕೊಟ್ಟ ಬೀಜದ ಗಿಡದ್ದು. ಅದು ಬ್ಲಡ್‌ಗುಡ್ ಅಲ್ಲ, ಮಾಮೂಲಿ ಹಸಿರು ಮೇಪಲ್. ಬಿಟ್ಟರೆ ಮೇಲಿನದಕ್ಕೆ ಹೋಗುವ ಬಲವನ್ನೆಲ್ಲ ಅದೇ ತಿನ್ನುತ್ತದೆ. ಬುಡಕ್ಕೇ ಕತ್ತರಿಸಿ. (ಮೇಲಿನದು ಸತ್ತರೆ ಇದನ್ನೇ ಇಟ್ಟುಕೊಳ್ಳುವ ಯೋಚನೆ ಇದ್ದರೆ ಒಂದನ್ನು ಉಳಿಸಿ. ನಾನಾಗಿದ್ದರೆ ಉಳಿಸುತ್ತಿದ್ದೆ. ಬೀಜದ ಗಿಡದ ಹಸಿರು ಎಲೆ ಬಿಸಿಲಿಗೆ ಸ್ವಲ್ಪ ಜಾಸ್ತಿ ತಡೆಯುತ್ತದೆ.)

ಸಂಪಿಗೆ ನೆರಳು (ಮಲ್ಲೇಶ್ವರ) · ಏಪ್ರಿಲ್ 12

ಕಸಿಗತ್ತಿಯವರು ಉಪ್ಪಿನ ಕಥೆ ಸರಿಯಾಗಿ ಹೇಳಿದ್ದಾರೆ. ಆದರೆ ಕೆಂಪು ಯಾಕೆ ಹೋಯಿತು ಅನ್ನುವ ಪ್ರಶ್ನೆ ಉಳಿದುಬಿಟ್ಟಿತು. ಅದಕ್ಕೂ ಉಪ್ಪಿಗೂ ಹೆಚ್ಚು ಸಂಬಂಧ ಇಲ್ಲ. ರಾತ್ರಿ ತಂಪಿಲ್ಲದಿದ್ದರೆ ಎಲೆಯ ಕೆಂಪು ಬಣ್ಣ ನಿಲ್ಲುವುದಿಲ್ಲ, ಒಳಗಿನ ಹಸಿರು ಮೇಲೆ ಬರುತ್ತದೆ. ಸೆಕೆಯ ಊರಲ್ಲಿ ಬ್ಲಡ್‌ಗುಡ್ ಬೇಸಿಗೆಯಲ್ಲಿ ಕಂಚು ಹಸಿರಾಗುವುದು ಮಾಮೂಲು. ಈಗ ಪೂರ್ತಿ ನೆರಳಿಗೆ ಇಟ್ಟರೆ ಇನ್ನೂ ಹಸಿರಾಗುತ್ತದೆ. ಹಾಗಂತ ಬಿಸಿಲಿಗೆ ಇಟ್ಟರೆ ಸುಡುತ್ತದೆ. ಬೆಂಗಳೂರಲ್ಲಿ ಇದೊಂದು ಇಕ್ಕಟ್ಟು.

ದೊಡ್ಡ ವಿಷಯ ಬೇರೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಈ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ಎಲೆ ಉದುರಿಸಿ, ಕೆಲವು ವಾರ ಕೊರೆಯುವ ಚಳಿ ತಿಂದ ಮೇಲೇ ಮೊಗ್ಗು ಸರಿಯಾಗಿ ಒಡೆಯುವುದು. ಇಂಥ ಮರಗಳಿಗೆ ಸಾಮಾನ್ಯವಾಗಿ 7 ಡಿಗ್ರಿಗಿಂತ ಕೆಳಗೆ ಕಳೆದ ತಾಸುಗಳ ಲೆಕ್ಕ ಹಾಕುತ್ತಾರೆ. ನಮ್ಮೂರಿನ ದಾಖಲೆಯ ಚಳಿ ಯಾವುದು ಗೊತ್ತಾ? 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಾವು ಸ್ವೆಟರ್ ಹಾಕಿಕೊಂಡು "ಏನ್ ಚಳಿ ಕಣ್ರೀ" ಅನ್ನುವ ಡಿಸೆಂಬರ್ ರಾತ್ರಿ ಈ ಮರಕ್ಕೆ ವಸಂತ. ಹಗಲಿನ ಲೆಕ್ಕವೂ ಹಾಗೇ. ಜಪಾನಿನ ಕ್ಯೋಟೋ 35 ಡಿಗ್ರಿ ಅಕ್ಷಾಂಶದಲ್ಲಿದೆ, ಅಲ್ಲಿ ಡಿಸೆಂಬರ್ ಹಗಲು ಹತ್ತು ತಾಸಿಗೂ ಕಡಿಮೆ. ನಾವಿರುವುದು 13ರಲ್ಲಿ, ಇಲ್ಲಿ ಹನ್ನೊಂದು ದಾಟುತ್ತದೆ. ಮಲಗುವ ಹೊತ್ತಾಯಿತು ಅಂತ ಮರಕ್ಕೆ ಯಾರೂ ಹೇಳುವುದೇ ಇಲ್ಲ.

ಫೆಬ್ರವರಿಯಲ್ಲಿ ಬಂತಲ್ಲ ಆ ಚಂದದ ಚಿಗುರು, ಅದು ಹಿಮಾಚಲದಲ್ಲಿ ಕೂಡಿಟ್ಟ ಚಳಿಯ ಖರ್ಚು. ಮುಂದಿನ ವರ್ಷ ಆ ಉಳಿತಾಯ ಇರುವುದಿಲ್ಲ. ಚಿಗುರು ತಡವಾಗಿ, ಅಲ್ಲೊಂದು ಇಲ್ಲೊಂದು ಬರಬಹುದು. ನಾನು ಎರಡು ಸಾಕಿದ್ದೆ. ಒಂದು ಮೂರು ವರ್ಷ, ಇನ್ನೊಂದು ನಾಲ್ಕು. ರೋಗ ಬಂದು ಹೋಗಲಿಲ್ಲ. ವರ್ಷ ವರ್ಷ ಸಣ್ಣಗಾಗಿ ಹೋದವು.

ಮೂರನೇ ಮಹಡಿ · ಏಪ್ರಿಲ್ 12

ಮೇಡಂ, ಕುಂಡಕ್ಕೆ ಐಸ್ ಹಾಕಿದರೆ? ಇಲ್ಲಾ ಡಿಸೆಂಬರ್‌ನಲ್ಲಿ ಫ್ರಿಡ್ಜ್‌ನಲ್ಲಿ ಇಟ್ಟರೆ?

ಸಂಪಿಗೆ ನೆರಳು · ಏಪ್ರಿಲ್ 12

ಚಳಿ ಬೇಕಾಗಿರುವುದು ಕೊಂಬೆಯ ಮೊಗ್ಗಿಗೆ. ಐಸ್‌ನಿಂದ ಬೇರು ತಣ್ಣಗಾಗುತ್ತದೆ ಅಷ್ಟೇ. ಫ್ರಿಡ್ಜ್ ವಿಚಾರ ತಮಾಷೆಯಲ್ಲ, ಸಣ್ಣ ಬೋನ್ಸಾಯ್ ಗಿಡಗಳನ್ನು ಹಾಗೆ ಇಡುವವರು ಇದ್ದಾರೆ. ಆದರೆ ನಿಮ್ಮದು ಎರಡೂವರೆ ಅಡಿ, ಕುಂಡ ಬೇರೆ. ಎರಡು ಮೂರು ತಿಂಗಳು ಹಾಲು, ದೋಸೆ ಹಿಟ್ಟು ಎಲ್ಲಿಡುತ್ತೀರಿ? ಅಮ್ಮನನ್ನು ಕೇಳಿ ನೋಡಿ.

ಬೀಜದಿಂದ ಬೆಳೆಸುವವರಿಗೆ ಮಾತ್ರ ಫ್ರಿಡ್ಜ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಒದ್ದೆ ಕೋಕೋಪೀಟ್ ಜೊತೆ ಕವರ್‌ನಲ್ಲಿ ಕಟ್ಟಿ ಮೂರು ನಾಲ್ಕು ತಿಂಗಳು ಕೆಳಗಿನ ಖಾನೆಯಲ್ಲಿ ಇಡಬೇಕು. ಆನ್‌ಲೈನ್‌ನಲ್ಲಿ ಬರುವ "ನೀಲಿ ಮೇಪಲ್ ಬೀಜ" ಕೊಳ್ಳಬೇಡಿ. ನೀಲಿ ಎಲೆಯ ಮೇಪಲ್ ಭೂಮಿ ಮೇಲೆ ಇಲ್ಲ.

ಹೊಸಬ_ತೋಟ (ಯಲಹಂಕ) · ಏಪ್ರಿಲ್ 13

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಒಂದು ಕೊಳ್ಳೋಣ ಅಂತಿದ್ದೆ. ನೂಲಿನಂಥ ಎಲೆಯ, ಕೆಳಗೆ ಬಾಗುವ ಜಾತಿ ಇದೆಯಲ್ಲ, ಅದು. ತೊಗೊಳ್ಳಲಾ?

ಕಸಿಗತ್ತಿ · ಏಪ್ರಿಲ್ 13

ಅದು ಡಿಸೆಕ್ಟಮ್ ಗುಂಪು. ಎಲೆ ಸಣ್ಣಗೆ ಸೀಳಿದಷ್ಟೂ ಬೇಗ ಒಣಗುತ್ತದೆ, ಎಲ್ಲಕ್ಕಿಂತ ಮೊದಲು ಸುಡುವುದು ಅದೇ. ಮೇಪಲ್ ಬೇಕೇ ಬೇಕು ಅಂದರೆ ಟ್ರೈಡೆಂಟ್ ಮೇಪಲ್ ನೋಡಿ. ಮೂರು ಮೂಲೆಯ ಸಣ್ಣ ಎಲೆ, ತೊಗಟೆ ಗಟ್ಟಿ, ಸೆಕೆ ಚೆನ್ನಾಗಿ ತಡೆಯುತ್ತದೆ. ಬೋನ್ಸಾಯ್ ಮಾಡುವವರ ಹತ್ತಿರ ಸಿಗುತ್ತದೆ. ಅದೂ ಇಲ್ಲಿ ಕೆಂಪು ತೋರಿಸುತ್ತದೆ ಅಂತ ನಾನು ಮಾತು ಕೊಡುವುದಿಲ್ಲ.

ಸಂಪಿಗೆ ನೆರಳು · ಏಪ್ರಿಲ್ 13

ಬೇಕಾಗಿರುವುದು ಮೇಪಲ್ಲೋ, ಕೆಂಪು ಎಲೆಯೋ? ಕೆಂಪು ಸಾಕು ಅಂದರೆ ನಮ್ಮಲ್ಲೇ ಇದೆ. ಅಂಗಳ ಇದ್ದರೆ ನಾಗಸಂಪಿಗೆ ನೆಡಿ. ನಿಧಾನ ಬೆಳೆಯುತ್ತದೆ, ಆದರೆ ಹೊಸ ಎಲೆ ರೇಷ್ಮೆ ಕುಚ್ಚಿನ ಥರ ಕೆಂಪಗೆ ಇಳಿಬಿದ್ದಿರುತ್ತದೆ. ಜಾಗ ದೊಡ್ಡದಿದ್ದರೆ ಸಾಗಡೆ. ಬೇಸಿಗೆ ಶುರುವಾಗುವ ಹೊತ್ತಿಗೆ ಇಡೀ ಮರ ಕೆಂಪು ಚಿಗುರು, ದೂರದಿಂದ ಹೂವು ಅಂದುಕೊಳ್ಳಬೇಕು. ಎಲೆ ಉದುರುವ ಮುಂಚಿನ ಕೆಂಪೇ ಬೇಕು ಅಂದರೆ ರಸ್ತೆ ಬದಿಯ ಕಾಡುಬಾದಾಮಿ ನೋಡಿ. ನಮ್ಮಲ್ಲಿ ಹೆಚ್ಚಾಗಿ ಚಿಗುರು ಕೆಂಪು, ಚಳಿ ದೇಶದವರಲ್ಲಿ ಹಣ್ಣೆಲೆ ಕೆಂಪು.

ಮೂರನೇ ಮಹಡಿ · ಜೂನ್ 21

ವರದಿ ಒಪ್ಪಿಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ಎರಡು ಸಲ ಎಸಿ ನೀರಲ್ಲಿ ತೊಳೆದೆ. ನಮ್ಮ ಎಸಿ ಸಾಲದೆ ಪಕ್ಕದ ಮನೆಯವರ ಪೈಪ್ ಕೆಳಗೂ ಬಕೆಟ್ ಇಟ್ಟೆ. ಪೂರ್ವಕ್ಕೆ ಬದಲಾಯಿಸಿದೆ, ಹೊಂಗೆ ಎಲೆ ಹಾಸಿದೆ. ಸುಟ್ಟ ಎಲೆ ಒಂದೊಂದೇ ಉದುರಿ ಮೇ ಹೊತ್ತಿಗೆ ಮತ್ತೆ ಬರೀ ಕಡ್ಡಿ. ಹೋಯಿತು ಅಂದುಕೊಂಡೆ. ಎರಡು ದೊಡ್ಡ ಮಳೆ ಬಿದ್ದ ಮೇಲೆ ಚಿಗುರಿತು. ಹದಿನಾಲ್ಕು ಎಲೆ, ಸಣ್ಣವು, ಕಂಚಿನ ಬಣ್ಣ, ಅಂಚು ಹಸನಾಗಿದೆ. ಗಂಟಿನ ಕೆಳಗಿನ ಕಡ್ಡಿ ಒಂದನ್ನು ತೆಗೆದೆ, ಒಂದನ್ನು ಉಳಿಸಿದ್ದೇನೆ.

ಈಗ ಕುಂಡ ಬದಲಾಯಿಸಲಾ?

ಕಸಿಗತ್ತಿ · ಜೂನ್ 21

ಬೇಡ. ಈಗಷ್ಟೇ ಉಸಿರಾಡುತ್ತಿದೆ. ಜನವರಿ ಮೊದಲ ವಾರದಲ್ಲಿ, ಮೊಗ್ಗು ಉಬ್ಬುವ ಮುಂಚೆ ಮಾಡಿ. ಆಗ ಕೋಕೋಪೀಟ್ ಕಡಿಮೆ ಮಾಡಿ, ಅದರ ಜಾಗಕ್ಕೆ ಇಟ್ಟಿಗೆ ಚೂರು, ಇದ್ದಿಲು ಸೇರಿಸಿ. ಡಿಸೆಂಬರ್‌ನಲ್ಲಿ ಎಲೆ ಉದುರಲಿಲ್ಲ ಅಂತ ಕೈಯಲ್ಲಿ ಕಿತ್ತುಬಿಡಬೇಡಿ, ಸೋತ ಗಿಡಕ್ಕೆ ಅದು ಹೊರೆ. ಮಳೆಗಾಲ ಮುಗಿಯುವ ತನಕ ಗೊಬ್ಬರ ಬೇಡ, ಆಮೇಲೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಮಳೆ ಜಾಸ್ತಿ, ಕುಂಡದ ತೂತು ಕಟ್ಟಿಕೊಂಡಿಲ್ಲ ಅಂತ ಆಗಾಗ ಕಡ್ಡಿ ಹಾಕಿ ನೋಡಿ.

ಮೂರನೇ ಮಹಡಿ · ಜೂನ್ 22

ಸರಿ ಸಾರ್, ಜನವರಿಗೆ ಬರುತ್ತೇನೆ. ಅಂದ ಹಾಗೆ ಆರ್‌ಒ ವೇಸ್ಟ್ ನೀರು ನಿಲ್ಲಿಸಿದ ಮೇಲೆ ನಮ್ಮನೆ ದಾಸವಾಳ, ಕರಿಬೇವು ಎರಡೂ ಒಳ್ಳೆ ಚಿಗುರಿವೆ. ಮಜ್ಜಿಗೆ ಹಾಕಿಲ್ಲ.

ಕರಿಬೇವು ಪ್ರೇಮಿ · ಜೂನ್ 22

ಹಾಕಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು.