ಬೀಟ್‌ರೂಟ್, ಸಿರಪ್, ಜಯಮ್ಮನ ಹಸು: ‘ದೊಡ್ಮನೆ ಬಳಗ’ ಗುಂಪಿನಲ್ಲಿ ನಡೆದದ್ದು

ಶಿವಣ್ಣ ದೊಡ್ಡಪ್ಪ (ಫಾರ್ವರ್ಡ್):
*ಪೋಷಕರೇ ಎಚ್ಚರ!!* ಅಂಗನವಾಡಿ, ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್‌ನಿಂದ ಮಕ್ಕಳ ಮಲ ಕಪ್ಪಾಗಿ ಲಿವರ್ ಹಾಳಾಗುತ್ತಿದೆ. ಇದು ವಿದೇಶಿ ಕಂಪನಿಗಳ ಹುನ್ನಾರ. ದಿನಾ ಬೀಟ್‌ರೂಟ್, ದಾಳಿಂಬೆ ರಸ ಕೊಡಿ, 7 ದಿನದಲ್ಲಿ ರಕ್ತ ದುಪ್ಪಟ್ಟು. ನಿಮ್ಮ ಎಲ್ಲ ಗುಂಪಿಗೂ ಕಳಿಸಿ, ಒಂದು ಮಗು ಉಳಿಸಿ.

ಮಹದೇವ: 🙏 ಉಪಯುಕ್ತ ಮಾಹಿತಿ ದೊಡ್ಡಪ್ಪ

ಸೌಮ್ಯ: ಮಹದೇವಣ್ಣ, ಏನು ಉಪಯುಕ್ತ? ಪೂರ್ತಿ ಓದಿದ್ಯಾ?

ಮಹದೇವ: ಮೇಲಿನ ಎರಡು ಸಾಲು

ಸೌಮ್ಯ: ದೊಡ್ಡಪ್ಪ, ದಯವಿಟ್ಟು ಇದನ್ನ ಡಿಲೀಟ್ ಮಾಡಿ. ಆರೋಗ್ಯ ಸಬ್‌ಸೆಂಟರಲ್ಲಿ ಇದೇ ಸಿರಪ್ ಹಂಚೋದು ನನ್ನ ಕೆಲಸ. ಕುಡಿದ ಕಬ್ಬಿಣ ಎಲ್ಲಾ ಮೈಗೆ ಹತ್ತಲ್ಲ, ಹತ್ತದೆ ಉಳಿದಿದ್ದು ಹೊರಗೆ ಹೋಗುತ್ತೆ, ಅದಕ್ಕೇ ಕಕ್ಕ ಕಪ್ಪಗಾಗೋದು. ಲಿವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಬೀಟ್‌ರೂಟು. ನೂರು ಗ್ರಾಂ ಬೀಟ್‌ರೂಟಲ್ಲಿ ಒಂದು ಮಿಲಿಗ್ರಾಂ ಕಬ್ಬಿಣ ಕೂಡ ಇಲ್ಲ, ದಾಳಿಂಬೆಲಿ ಇನ್ನೂ ಕಮ್ಮಿ. ಸಿರಪ್ ಒಂದು ಎಂ.ಎಲ್.ಗೆ 20 ಮಿಲಿಗ್ರಾಂ. ಕೆಂಪಗಿರೋದೆಲ್ಲ ರಕ್ತ ಆಗೋದಾದ್ರೆ ಕುಂಕುಮ ತಿನ್ನಿಸಬಹುದಿತ್ತು.

ಶಿವಣ್ಣ ದೊಡ್ಡಪ್ಪ: ಸೌಮ್ಯ, ಮಾತು ಹಿಡಿತದಲ್ಲಿರಲಿ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ನಮ್ಮ ಕಾಲದಲ್ಲಿ ಯಾವ ಸಿರಪ್ ಇತ್ತು? ರಾಗಿ ಮುದ್ದೆ, ಬಸ್ಸಾರು ತಿಂದು ಬೆಳೆದೆವು.

ಸೌಮ್ಯ: ಕ್ಷಮಿಸಿ ದೊಡ್ಡಪ್ಪ, ನಿಮ್ಮನ್ನ ಅಂದಿದ್ದಲ್ಲ, ಆ ಮೆಸೇಜ್ ಬರೆದೋರನ್ನ. ಆದ್ರೆ ನಿಮ್ಮ ಕಾಲದಲ್ಲಿ ಯಾರೂ ಮಕ್ಕಳ ರಕ್ತ ಪರೀಕ್ಷೆ ಮಾಡ್ತಿರಲಿಲ್ಲ. ಬಿಳಚಿಕೊಂಡಿದೆ, ಮಣ್ಣು ತಿನ್ನುತ್ತೆ ಅಂದ್ರೆ ತಾಯತ ಕಟ್ಟೋರು. ಈಗ ಪರೀಕ್ಷೆ ಮಾಡ್ತೀವಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65 ಮಕ್ಕಳಿಗೆ ರಕ್ತಹೀನತೆ, ಕೇಂದ್ರದ ಕುಟುಂಬ ಆರೋಗ್ಯ ಸಮೀಕ್ಷೆ 2019-21ರದ್ದು.

ರಘು: ಒಂದು ನಿಮಿಷ. ಅಪ್ಪನ ಫಾರ್ವರ್ಡ್ ಕಸ, ಒಪ್ಪಿದೆ. ಆದ್ರೆ 65ನೂ ಕಣ್ಣು ಮುಚ್ಚಿ ಒಪ್ಪಬೇಡ ಸೌಮ್ಯ. ಅದು ಬೆರಳು ಚುಚ್ಚಿ ಒಂದು ಹನಿ ತೆಗೆದು ನೋಡಿದ್ದು. 2016-18ರಲ್ಲಿ ದೇಶದಾದ್ಯಂತ ಮಕ್ಕಳ ಪೋಷಣೆ ಸಮೀಕ್ಷೆ ನಡೀತಲ್ಲ, ಅಲ್ಲಿ ನರದಿಂದ ರಕ್ತ ತೆಗೆದಿದ್ರು. 1ರಿಂದ 4 ವರ್ಷದೋರಲ್ಲಿ 41 ಪರ್ಸೆಂಟ್ ಬಂತು. ಕುಟುಂಬ ಸಮೀಕ್ಷೆಲಿ ಇಡೀ ದೇಶಕ್ಕೆ 67. ಇಷ್ಟು ವ್ಯತ್ಯಾಸ ಹೇಗೆ? ಮೇಲಾಗಿ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೇ ಎರಡು ವರ್ಷದೊಳಗಿನ ಮಕ್ಕಳಿಗೆ ರಕ್ತಹೀನತೆ ಅನ್ನೋಕೆ ಇರೋ ಹಿಮೋಗ್ಲೋಬಿನ್ ಗಡಿನ ಒಂದು ಡೆಸಿಲೀಟರ್ ರಕ್ತಕ್ಕೆ 11 ಗ್ರಾಂನಿಂದ 10.5ಕ್ಕೆ ಇಳಿಸಿದೆ.

ಸೌಮ್ಯ: ಬೆಂಗಳೂರಲ್ಲಿ ಕೂತು ಗಡಿ ಲೆಕ್ಕ ಹಾಕ್ತಾ ಇರು ರಘು ಅಣ್ಣ. 41 ಅಂದ್ರೆ ಕಮ್ಮಿನಾ? ಹತ್ತು ಮಕ್ಕಳಲ್ಲಿ ನಾಲ್ಕು. ನಮ್ಮ ಜಿಲ್ಲೆದೇ ಬೇಕಾ? ನಮ್ಮ ಚಾಮರಾಜನಗರ ಮತ್ತು ಗುಲ್ಬರ್ಗದ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳನ್ನ ನೋಡಿ 2010ರಲ್ಲಿ ಪ್ರಕಟ ಮಾಡಿದ್ರು, ಮುಕ್ಕಾಲು ಪಾಲು ಮಕ್ಕಳಿಗಿತ್ತು.

ಮಂಜುಳ: ಸೌಮ್ಯಕ್ಕ, ಚಿನ್ನುಗೆ ಹೋದ ವಾರ ಆಸ್ಪತ್ರೆಲಿ 8.6 ಅಂದ್ರು. ಗುಂಪಲ್ಲಿ ಹೇಳೋದಾ ಬೇಡ್ವಾ ಅಂತ ಸುಮ್ನಿದ್ದೆ

ಸೌಮ್ಯ: 8.6?? ಹಳೇ ಗಡಿ ಹೊಸ ಗಡಿ ಎರಡಕ್ಕೂ ಕೆಳಗೆ. ಒಂದು ವರ್ಷ ಎರಡು ತಿಂಗಳಲ್ವಾ ಅವನಿಗೆ? ಸಿರಪ್ ಕೊಟ್ಟಿದ್ರಲ್ಲ?

ಮಂಜುಳ: ಯುಗಾದಿ ಹೊತ್ತಿಗೇ ಕೊಟ್ಟಿದ್ರು. ಅವನು ಅತ್ತೆ ಹತ್ರ ಊರಲ್ಲಿ ಇರ್ತಾನಲ್ಲ ಅಕ್ಕ, ನಾವು ಮೈಸೂರಿಂದ ಶನಿವಾರ ಬರೋದು.

ಸೌಮ್ಯ: ಈಗ ಊರಲ್ಲೇ ಇದ್ದೀಯಲ್ಲ, ಬಾಟಲಿದು ಒಂದು ಫೋಟೋ ಹಾಕು.

ಮಂಜುಳ: (ಫೋಟೋ)

ಸೌಮ್ಯ: ಕತ್ತಿನ ತನಕ ಹಾಗೇ ಇದೆ. ದೇವರ ಗೂಡಲ್ಲಿ ಬೇರೆ ಇಟ್ಟಿದ್ದೀರ. 50 ಎಂ.ಎಲ್. ಬಾಟಲಿ. ವಾರಕ್ಕೆ ಎರಡು ಸಲ ಒಂದೊಂದು ಎಂ.ಎಲ್. ಅಂದ್ರೆ ಹತ್ತಿರ ಹತ್ತಿರ ಆರು ತಿಂಗಳಿಗೆ ಖಾಲಿ ಆಗಬೇಕು. ಈಗ ಶ್ರಾವಣ, ಅರ್ಧಕ್ಕಿಂತ ಜಾಸ್ತಿ ಇಳಿದಿರಬೇಕಿತ್ತು.

ಜಯಮ್ಮ ಚಿಕ್ಕಮ್ಮ (ವಾಯ್ಸ್ ಮೆಸೇಜ್):
ನೋಡವ್ವ ಸೌಮ್ಯ, ಕೊಡನಿಲ್ಲ ಅಂತಲ್ಲ ನಾನು. ಒಂದೆರಡು ಸಲ ಕೊಟ್ಟೆ. ಆಮೇಕೆ ಕಕ್ಕ ನೋಡುದ್ರೆ ಕಾಡಿಗೆ ಇದ್ದಂಗೆ ಕರ್ರಗೆ. ಎದೆ ಜಲ್ ಅಂತು ಕನವ್ವ. ಯಾರ್ ತಾವ ಕೇಳದು? ಮಂಜುಳಾ ಫ್ಯಾಕ್ಟ್ರಿಲಿ ಫೋನ್ ಎತ್ತಕ್ಕಿಲ್ಲ. ಬಾಟ್ಲಿ ಕೊಟ್ಟೋರು ಪುಸ್ತಕದಲ್ಲಿ ರುಜು ಹಾಕುಸ್ಕಂಡು ಹೋದೋರು ತಿರ್ಗ ಬರ್ನಿಲ್ಲ. ಮಗೀಗೇನಾರ ಆದ್ರೆ ಅಂತ ಎತ್ತಿ ಮಡಗ್ದೆ. ಹಸ ಕರೆದಿದ್ದು ಹಾಲು ಐತೆ, ದಿನಾ ಒಂದು ಲೀಟ್ರು ಕುಡೀತದೆ. ಮಗ ಗುಂಡ್‌ಗುಂಡ್ಗೆ ಐತಲ್ಲ, ರಕ್ತ ಕಮ್ಮಿ ಅಂದ್ರೆ ಯಾರ್ ನಂಬ್ತಾರೆ?

ಮಂಜುಳ: ಅತ್ತೆ ನಾನು ಹೇಳಿದ್ದೆ ಅಲ್ವಾ ಹಾಲು ಕಮ್ಮಿ ಮಾಡಿ ಅಂತ

ಜಯಮ್ಮ ಚಿಕ್ಕಮ್ಮ (ವಾಯ್ಸ್ ಮೆಸೇಜ್):
ನೀ ಹೇಳ್ತೀಯ. ರಾತ್ರಿ ಹೊತ್ತು ಅಳ್ತದಲ್ಲ, ಆಗ ಎತ್ಕಂಡು ತಿರ್ಗೋಳು ನಾನು.

ಮಹದೇವ: ಇದು ಗುಂಪಲ್ಲಿ ಬೇಡ, ಪ್ರತ್ಯೇಕ ಮಾತಾಡ್ಕೊಳಿ 🙏

ಸೌಮ್ಯ: ಬೇಡ ಮಹದೇವಣ್ಣ, ಇಲ್ಲೇ ಇರಲಿ. ಈ ಗುಂಪಲ್ಲಿ ಇನ್ನೂ ನಾಲ್ಕು ಮನೇಲಿ ಸಣ್ಣ ಮಕ್ಕಳಿದಾವೆ. ಚಿಕ್ಕಮ್ಮ, ನೀವು ಹೆದರಿದ್ದು ಸರಿನೇ, ಕಪ್ಪಗಾಗುತ್ತೆ ಅಂತ ಕೊಡುವಾಗಲೇ ಹೇಳಬೇಕಿತ್ತು. ಹಾಲಿನ ವಿಷಯ ಕೇಳಿ. ಹಸುವಿನ ಹಾಲಲ್ಲಿ ಕಬ್ಬಿಣ ಇಲ್ಲ ಅನ್ನೋಷ್ಟು ಕಮ್ಮಿ. ಅದರ ಸುಣ್ಣದಂಶ ಬೇರೆ ಊಟದಲ್ಲಿರೋ ಕಬ್ಬಿಣನೂ ಹತ್ತದಂಗೆ ಮಾಡುತ್ತೆ. ಲೀಟರ್ ಹಾಲು ಕುಡಿದ ಹೊಟ್ಟೇಲಿ ಅನ್ನ ಸೊಪ್ಪಿಗೆ ಜಾಗ ಎಲ್ಲಿ? ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣ ಸುಮಾರು ಆರು ತಿಂಗಳಿಗೆ ಮುಗಿಯುತ್ತೆ, ಆಮೇಲೆ ಊಟದಿಂದಲೇ ಬರಬೇಕು. ಗುಂಡ್‌ಗುಂಡ್ಗೆ ಇದ್ದಾನೆ ಅಂತ ನೋಡಬೇಡಿ, ಕಣ್ಣಿನ ಕೆಳ ರೆಪ್ಪೆ ಎಳೆದು ಒಳಗಡೆ ಕೆಂಪಿದೆಯಾ ನೋಡಿ.

ರಘು: ಹಾಲಿನ ವಿಷಯ ಸರಿ. ಆದ್ರೆ ಸಿರಪ್‌ನ ಸಂಜೀವಿನಿ ಅಂತ ಮಾರಬೇಡಿ. 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ, ಆಫ್ರಿಕಾದ ಜಾಂಜಿಬಾರ್ ಪಕ್ಕದ ಪೆಂಬಾ ದ್ವೀಪದ ಅಧ್ಯಯನ ಓದು. ರಕ್ತಹೀನತೆ ಇದೆಯೋ ಇಲ್ವೋ ನೋಡದೆ ಸಣ್ಣ ಮಕ್ಕಳಿಗೆ ದಿನಾ ಕಬ್ಬಿಣ ಕೊಟ್ರು, ಕೊಡದೋರಿಗಿಂತ ಕೊಟ್ಟೋರಲ್ಲಿ ಆಸ್ಪತ್ರೆ ಸೇರಿದ್ದು, ಸತ್ತಿದ್ದು ಜಾಸ್ತಿ ಆಯ್ತು. ಅರ್ಧದಲ್ಲೇ ನಿಲ್ಲಿಸಿದ್ರು.

ಸೌಮ್ಯ: ಅಲ್ಲಿ ವರ್ಷಪೂರ್ತಿ ಮಲೇರಿಯಾ. ಅಂಥ ಕಡೆ ಮಲೇರಿಯಾ ತಡೆ, ಚಿಕಿತ್ಸೆ ಎರಡೂ ಇದ್ರೆ ಮಾತ್ರ ಕೊಡಿ ಅಂತ ಆಮೇಲೆ ನಿಯಮ ಬಂತು. ನಮ್ಮ ಕಡೆ ಈಗ ಮಲೇರಿಯಾ ಕೇಸ್ ಕಾಣೋದೇ ಅಪರೂಪ. ನಾವೂ ಮಗುಗೆ ಜ್ವರ ಇದ್ರೆ ನಿಲ್ಲಿಸಿ, ವಾಸಿ ಆದ ಮೇಲೆ ಶುರು ಮಾಡಿ ಅಂತೀವಿ. ಥಲಸ್ಸೇಮಿಯಾ ಅಂತ ಹುಟ್ಟಿನಿಂದ ಬರೋ ರಕ್ತದ ಕಾಯಿಲೆ ಇರೋ ಮಕ್ಕಳಿಗೆ ಕೊಡಲ್ಲ.

ರಘು: ಸರಿ, ಬಾಂಗ್ಲಾದೇಶದಲ್ಲಿ? 3,300 ಹಳ್ಳಿ ಮಕ್ಕಳು, ಎಂಟು ತಿಂಗಳ ಕೂಸುಗಳು. ಮೂರು ತಿಂಗಳು ದಿನಾ ಕೆಲವರಿಗೆ ಸಿರಪ್, ಕೆಲವರಿಗೆ ಪೋಷಕಾಂಶದ ಪುಡಿ, ಕೆಲವರಿಗೆ ಬರೀ ನಾಮಕಾವಾಸ್ತೆ, ಒಳಗೆ ಔಷಧಿಯೇ ಇಲ್ಲದ್ದು. 2021ರಲ್ಲಿ ಫಲಿತಾಂಶ ಬಂತು: ಬುದ್ಧಿ ಬೆಳವಣಿಗೇಲಿ ಮೂರು ಗುಂಪಿಗೂ ವ್ಯತ್ಯಾಸ ಇಲ್ಲ. ‘ಚುರುಕು ಮಗುವಿಗಾಗಿ’ ಅಂತ ಪೋಸ್ಟರ್ ಹಾಕ್ತಾರಲ್ಲ, ಅದಕ್ಕೆ ಏನಂತೀಯ?

ಸೌಮ್ಯ: ಆ ಪೋಸ್ಟರ್ ನಾನು ಬರೆದಿದ್ದಲ್ಲ. ರಕ್ತಹೀನತೆ ಕಮ್ಮಿ ಆಯ್ತು ಅಂತಾನೂ ಅದೇ ಅಧ್ಯಯನದಲ್ಲಿದೆ, ಅದನ್ನ ಯಾಕೆ ಬಿಟ್ಟೆ? ಚಿನ್ನು ಐಎಎಸ್ ಆಗ್ತಾನೆ ಅಂತ ನಾನು ಹೇಳ್ತಿಲ್ಲ. 8.6 ಇರೋ ಮಗು ಆಡೋಕೆ ಸುಸ್ತು ಪಡುತ್ತೆ, ಊಟ ಸೇರಲ್ಲ. ಅಷ್ಟಕ್ಕೇ ಕೊಡಬೇಕು.

ಮಂಜುಳ: ಆ ಪುಡಿ ಏನು ರಘು ಭಾವ? ಸಿರಪ್ ಉಗೀತಾನೆ ಇವನು

ರಘು: ಸಣ್ಣ ಪೊಟ್ಟಣ ಮಂಜುಳಾ. ಕಬ್ಬಿಣ, ಸತು, ವಿಟಮಿನ್ ಎ ಎಲ್ಲ ಇರುತ್ತೆ, ಮಗು ತಿನ್ನೋ ಅನ್ನಕ್ಕೇ ಉದುರಿಸಿ ಕಲಸೋದು. ಕಬ್ಬಿಣದ ಕಣಕ್ಕೆ ಕೊಬ್ಬಿನ ಲೇಪ ಇರೋದ್ರಿಂದ ಬಾಯಿಗೆ ತುಕ್ಕಿನ ರುಚಿ ಬರಲ್ಲ. ಟೊರೊಂಟೊದ ಮಕ್ಕಳ ಡಾಕ್ಟರ್ ಸ್ಟ್ಯಾನ್ಲಿ ಜ್ಲಾಟ್ಕಿನ್ ಅನ್ನೋರು ಮಾಡಿದ್ದು. 2011ರಿಂದ ವಿಶ್ವ ಆರೋಗ್ಯ ಸಂಸ್ಥೆನೂ ಶಿಫಾರಸು ಮಾಡ್ತಿದೆ.

ಸೌಮ್ಯ: ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ ಸಣ್ಣ ಮಕ್ಕಳಿಗೆ ಬರೋದು ಸಿರಪ್ಪೇ, 2018ರಲ್ಲಿ ಶುರುವಾದ ‘ಅನೀಮಿಯಾ ಮುಕ್ತ ಭಾರತ’ದಲ್ಲೂ ಅದೇ. ಇರೋದನ್ನ ಮೊದಲು ಕುಡಿಸೋಣ. ನಾಲಿಗೆ ಹಿಂದೆ, ಕೆನ್ನೆ ಕಡೆಗೆ ಬಿಡು, ಮುಂದಕ್ಕೆ ಬಿಟ್ರೆ ಹಲ್ಲು ಕಪ್ಪಾಗುತ್ತೆ, ಉಗಿಯೋದೂ ಜಾಸ್ತಿ. ಹಾಲಿನ ಜೊತೆ ಬೇಡ.

ಶಿವಣ್ಣ ದೊಡ್ಡಪ್ಪ: ರಾಗಿಯಲ್ಲಿ ಕಬ್ಬಿಣವೇ ಇಲ್ಲವೇ ಹಾಗಾದರೆ?

ಸೌಮ್ಯ: ಇದೆ ದೊಡ್ಡಪ್ಪ, ನೂರು ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ. ಆದ್ರೆ ಅದರಲ್ಲೇ ಇರೋ ಒಗರು ಕಬ್ಬಿಣನ ಹಿಡ್ಕೊಂಡುಬಿಡುತ್ತೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದ್ರೆ ಅದು ಕಮ್ಮಿ ಆಗುತ್ತೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ. ಚಹಾಲಿ ಬಿಸ್ಕತ್ತು ಅದ್ದಿ ಕೊಡೋದು ನಿಲ್ಲಿಸಿ, ಅದು ನಮ್ಮ ಮನೆಗಳ ದೊಡ್ಡ ರೋಗ. ನಿಮ್ಮ ಬಸ್ಸಾರಿಗೆ ನನ್ನ ವಿರೋಧ ಇಲ್ಲ, ಬರೀ ಅದರಿಂದ ಈ ವಯಸ್ಸಿಗೆ ಸಾಲಲ್ಲ.

ರಘು: ಇನ್ನೊಂದು ಸಿಕ್ತು ನೋಡು, ಇದು ನಿನಗೂ ನನಗೂ ಇಬ್ಬರಿಗೂ ಏಟು. ಚಾಮರಾಜನಗರದ್ದೇ, 55 ಹಳ್ಳಿ, 2019ರಲ್ಲಿ ಪ್ರಕಟ. ಎಲ್ಲ ಮಕ್ಕಳಿಗೂ ಅದೇ ಕಬ್ಬಿಣದ ಔಷಧಿ. ಅರ್ಧದಷ್ಟು ಹಳ್ಳಿಗಳಲ್ಲಿ ಮಾತ್ರ ಊರಿನದೇ ಹೆಂಗಸರು ಮನೆಗೆ ಹೋಗಿ ತಾಯಂದಿರ ಜೊತೆ ಕೂತು ಮಾತಾಡ್ತಿದ್ರು, ತಿಂಗಳು ತಿಂಗಳು. ಅಲ್ಲಿ 100ಕ್ಕೆ 56 ಮಕ್ಕಳು ವಾಸಿ, ಉಳಿದ ಕಡೆ 41. ಔಷಧಿ ಒಂದೇ. ಬಾಟಲಿ ಕೊಟ್ಟು ರುಜು ಹಾಕಿಸಿಕೊಂಡು ಹೋದ್ರೆ ಕೆಲಸ ಮುಗೀತಾ?

ಸೌಮ್ಯ: ಮುಗಿಯಲ್ಲ. ಆದ್ರೆ ಪೋಲಿಯೊ, ಸಮೀಕ್ಷೆ, ಹೆರಿಗೆ ಲೆಕ್ಕ, ಮೊಬೈಲ್ ಆ್ಯಪ್‌ಗೆ ತುಂಬೋದು ಎಲ್ಲ ಒಬ್ಬರ ತಲೆ ಮೇಲೆ ಹಾಕಿ, ಮನೆ ಮನೆಲಿ ಕೂತು ಮಾತಾಡೂ ಅಂದ್ರೆ? ರುಜು ಎಷ್ಟಾಯ್ತು ಅಂತ ಮೇಲಿನೋರು ಕೇಳ್ತಾರೆ, ಬಾಟಲಿ ಎಷ್ಟು ಇಳಿದಿದೆ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ರಘು: ಅದನ್ನೇ ನಾನೂ ಹೇಳ್ತಿರೋದು

ಸೌಮ್ಯ: ನೀನು ಬೇರೆ ಏನೋ ಹೇಳ್ತಿದ್ದೆ. ಇರಲಿ. ಮಂಜು, ಚಿನ್ನುಗೆ ಈಗ ವಾರಕ್ಕೆರಡು ಸಲ ಸಾಲಲ್ಲ, ಅದು ರಕ್ತಹೀನತೆ ಬರದಂಗೆ ತಡೆಯೋಕೆ. ಬಂದ ಮೇಲೆ ತೂಕ ನೋಡಿ ದಿನಾ ಕೊಡಬೇಕು, ಎರಡು ತಿಂಗಳು. ಎಷ್ಟು ಅಂತ ಡಾಕ್ಟ್ರೇ ಬರೆದುಕೊಡಲಿ, ಸೋಮವಾರ ಪಿಎಚ್‌ಸಿಗೆ ಕರ್ಕೊಂಡು ಹೋಗು. ಜಂತುಹುಳದ ಮಾತ್ರೆ ಕೊಟ್ಟಿದ್ದಾರಾ ಕೇಳು, ಅವನ ವಯಸ್ಸಿಗೆ ಅರ್ಧ ಮಾತ್ರೆ, ಪುಡಿ ಮಾಡಿ. ಬಾಟಲಿ ಮಕ್ಕಳ ಕೈಗೆ ಸಿಗದಂಗೆ ಇಡಿ, ಒಟ್ಟಿಗೆ ಕುಡಿದ್ರೆ ಮಾತ್ರ ನಿಜವಾಗ್ಲೂ ಅಪಾಯ.

ಮಂಜುಳ: ರಜೆ ಹಾಕ್ತೀನಿ ಅಕ್ಕ

ಜಯಮ್ಮ ಚಿಕ್ಕಮ್ಮ (ವಾಯ್ಸ್ ಮೆಸೇಜ್):
ಅಂಗನವಾಡಿಗೆ ಹೋಗೋ ದೊಡ್ಡದುಕ್ಕೂ ಕೊಡ್ಬೇಕಾ? ವಾರಕ್ಕೆ ಎರಡು ಸಲ ಅಂದ್ರೆ ನಂಗೆ ಮರ್ತೋಯ್ತದೆ. ಸೋಮಾರ ಮಾದಪ್ಪನ ವಾರ, ಶುಕ್ರಾರ ಮನೆ ಸಾರ್ಸೋ ದಿನ. ಅವೆರಡು ದಿನ ಕೊಡ್ಲಾ?

ಸೌಮ್ಯ: ಐದು ವರ್ಷ ತುಂಬೋ ತನಕ ಕೊಡಿ. ಸೋಮವಾರ, ಶುಕ್ರವಾರ ಚೆನ್ನಾಗಿದೆ.

ಶಿವಣ್ಣ ದೊಡ್ಡಪ್ಪ: ಈ ಮೆಸೇಜು ನಿವೃತ್ತ ನೌಕರರ ಗುಂಪಿಗೂ ಹೋಗಿದೆ. ಅಲ್ಲಿ ಡಿಲೀಟ್ ಆಗುತ್ತಿಲ್ಲ.

ರಘು: ಹೊತ್ತಾಗಿದೆ ಅಪ್ಪ. ಸೌಮ್ಯ ಬರೆದಿದ್ದನ್ನ ಕೆಳಗೆ ಹಾಕಿ. ಕುಂಕುಮದ ಸಾಲು ತೆಗೆದು.

ಜಯಮ್ಮ ಚಿಕ್ಕಮ್ಮ (ವಾಯ್ಸ್ ಮೆಸೇಜ್):
ಹಾಲು ಎಷ್ಟು ಕೊಡದು ಅಂತ ಹೇಳನಿಲ್ವಲ್ಲ.

ಸೌಮ್ಯ: ದಿನಕ್ಕೆ ಎರಡು ಸಣ್ಣ ಲೋಟ ಚಿಕ್ಕಮ್ಮ, ಊಟ ಆದ ಮೇಲೆ. ಹಾಲಿನ ಬಾಟಲಿ ಬೇಡ, ಲೋಟದಲ್ಲೇ ಕುಡಿಸಿ.

ಜಯಮ್ಮ ಚಿಕ್ಕಮ್ಮ (ವಾಯ್ಸ್ ಮೆಸೇಜ್):
ಉಳ್ದುದ್ನ ಡೈರಿಗೆ ಹಾಕ್ತೀನಿ ಬುಡು. ಆ ದುಡ್ಡಲ್ಲಿ ಮೊಟ್ಟೆ ತತ್ತೀನಿ, ಮಂಜುಳಾ ಬ್ಯಾಡ ಅನ್ನಂಗಿಲ್ಲ.